ಕವರ್ ಹಾಕುವ ಮೊದಲು ಸೀಟು ಬಿಚ್ಚಿ ನೋಡು

ಬೀದರ್

ಚಿರಂಜೀವಿ ತಮ್ಮನಿಗೆ ಕಾಕಾನ ಆಶೀರ್ವಾದಗಳು.

ನೀನು ಕಳಿಸಿದ ಫೋಟೊ ನೋಡಿದೆ. ಅಂಬಾಸಿಡರ್‌ನ ಮುಂದಿನ ಸೀಟು ಡ್ರೈವರ್ ಕಡೆ ಹೊಲಿಗೆ ಬಿಟ್ಟಿದೆ, ಫೋಮ್ ಹೊರಗೆ ಇಣುಕುತ್ತಿದೆ. ಅದೇನು ದೊಡ್ಡ ವಿಷಯ ಅಲ್ಲ. ಫೋಟೊ ಕೆಳಗೆ ನೀನು ಬರೆದ ಮಾತಿಗಾಗಿ ಈ ಪತ್ರ. ಆನ್‌ಲೈನ್‌ನಲ್ಲಿ ಕಪ್ಪು ಕವರ್ ಸೆಟ್ ನೋಡಿಟ್ಟಿದ್ದೀಯಂತೆ. ಬಂದ ಕೂಡಲೇ ಭಾನುವಾರ ಹಳೆಯದರ ಮೇಲೆಯೇ ಎಳೆದು ಹಾಕಿಬಿಡುತ್ತೀಯಂತೆ. ಆರ್ಡರ್ ಹಾಕುವುದನ್ನು ಸ್ವಲ್ಪ ತಡೆ ತಮ್ಮಾ. ಇಷ್ಟು ವರ್ಷ ಕುಶನ್ ಕೆಲಸವನ್ನೇ ಮಾಡಿ ಹೊಟ್ಟೆ ತುಂಬಿಸಿಕೊಂಡವನು ನಾನು. ಮನೆಯ ಹುಡುಗನಿಗೆ ಹೇಳದಿದ್ದರೆ ಯಾರಿಗೆ ಹೇಳಲಿ?

ಮೊದಲು ಒಂದು ಪ್ರಶ್ನೆ. ಆ ಹೊಲಿಗೆ ಯಾಕೆ ಬಿಟ್ಟಿತು? ಹಳೆಯದಾಯಿತು ಅಂತ ನೀನು ಹೇಳಬಹುದು. ಅದೇ ಸೀಟಿನ ಇನ್ನೊಂದು ಬದಿಯೂ ಅಷ್ಟೇ ಹಳೆಯದು, ಅಲ್ವಾ? ಅದು ಯಾಕೆ ಬಿಡಲಿಲ್ಲ? ಡ್ರೈವರ್ ದಿನಾ ಹತ್ತಿ ಇಳಿಯುವಾಗ ಬಾಗಿಲ ಕಡೆಯ ಅಂಚಿನ ಮೇಲೆ ಜಾರಿಕೊಂಡು ಹೋಗುತ್ತಾನೆ. ಒಳಗಿನ ಪ್ಯಾಡ್ ಗಟ್ಟಿಯಾಗಿದ್ದಾಗ ರೆಕ್ಸಿನ್ ಬಿಗಿಯಾಗಿ ನಿಲ್ಲುತ್ತದೆ, ಜಾರಿದರೂ ಏನೂ ಆಗುವುದಿಲ್ಲ. ಪ್ಯಾಡ್ ಕುಸಿದ ಮೇಲೆ ಕವರ್ ಸಡಿಲ ಆಗುತ್ತದೆ. ಆಮೇಲೆ ಕೂತವನ ಭಾರವೆಲ್ಲ ಹೊಲಿಗೆಯನ್ನೇ ಎಳೆಯುತ್ತದೆ. ಹಾಗಾಗಿ ಹರಿದದ್ದು ಮೇಲೆ, ಕೆಟ್ಟದ್ದು ಕೆಳಗೆ. ಕೆಳಗಿನದನ್ನು ಬಿಟ್ಟು ಮೇಲೆ ಎಷ್ಟು ದುಬಾರಿ ಕವರ್ ಹಾಕಿದರೂ ಅದೇ ಜಾಗದಲ್ಲಿ ಮತ್ತೆ ಹರಿಯುತ್ತದೆ.

ಅದಕ್ಕೇ ಮೊದಲು ಸೀಟು ಬಿಚ್ಚು. ಒಳಗೆ ಏನಿದೆ ನೋಡು. ಕವರ್ ಬಗ್ಗೆ ಯೋಚನೆ ಆಮೇಲೆ.

ಹಿಂದಿನ ದಿನ ಸಂಜೆಯೇ ಸೀಟು ಜರುಗುವ ಹಳಿಯ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಬಿಡು. ರಾತ್ರಿಯೆಲ್ಲ ನೆನೆಯಲಿ. ಒಣ ಬೋಲ್ಟಿನ ಮೇಲೆ ಜೋರು ತೋರಿಸಿದರೆ ತಲೆ ಮುರಿದು ಕೈಗೆ ಬರುತ್ತದೆ, ನೆಲದ ತಗಡೂ ಹರಿಯಬಹುದು. ಇಬ್ಬರಿಗೂ ಸೇರಿ ಒಂದೇ ಉದ್ದನೆ ಬೆಂಚ್ ಸೀಟು, ಭಾರ ಇರುತ್ತದೆ. ಒಬ್ಬನೇ ಎತ್ತಬೇಡ, ಬಾಗಿಲ ಪೇಂಟ್ ಗೀರುತ್ತದೆ, ಸೊಂಟವೂ ಹಿಡಿಯುತ್ತದೆ. ಸೀಟು ಹೊರಗೆ ಬಂದ ಮೇಲೆ ಕಾರಿನ ನೆಲ ಒಮ್ಮೆ ನೋಡು. ಮ್ಯಾಟಿನ ಕೆಳಗೆ ನೀರು ನಿಂತು ತುಕ್ಕು ಹಿಡಿದಿದ್ದರೆ ಈಗಲೇ ಗೊತ್ತಾಗಲಿ. ಸೀಟು ಕೂರಿಸಿದ ಮೇಲೆ ಗೊತ್ತಾದರೆ ಏನು ಪ್ರಯೋಜನ?

ಒಂದು ವಿಷಯದಲ್ಲಿ ನಿನ್ನ ಅದೃಷ್ಟ ಚೆನ್ನಾಗಿದೆ. ಈಗಿನ ಎಷ್ಟೋ ಕಾರುಗಳ ಸೀಟಿನ ಒಳಗೇ ಏರ್‌ಬ್ಯಾಗ್ ಇರುತ್ತದೆ, ವೈರು ಇರುತ್ತದೆ. ಗೊತ್ತಿಲ್ಲದವನು ಕೈ ಹಾಕುವ ಹಾಗೇ ಇಲ್ಲ. ನಿನ್ನ ಗಾಡಿಯಲ್ಲಿ ಅಂಥದ್ದೇನೂ ಇಲ್ಲ. ಕಬ್ಬಿಣ, ಸ್ಪ್ರಿಂಗ್, ಬಟ್ಟೆ, ಪ್ಯಾಡ್, ಅಷ್ಟೇ. ತಾಳ್ಮೆ ಇದ್ದರೆ ನೀನೇ ಮಾಡಬಹುದು.

ಈಗ ಹಳೆ ಕವರ್ ಬಿಚ್ಚುವ ವಿಷಯ. ಇದನ್ನು ಸ್ವಲ್ಪ ಗಮನ ಕೊಟ್ಟು ಓದು. ಹೊಸಬರು ಕೆಡಿಸುವುದು ಇಲ್ಲೇ. ಸೀಟನ್ನು ಬೋರಲು ಹಾಕಿದರೆ ಕವರಿನ ಅಂಚು ಸುತ್ತಲೂ ಸಣ್ಣ ಸಣ್ಣ ತಂತಿ ಉಂಗುರಗಳಿಂದ ಫ್ರೇಮಿಗೆ ಸಿಕ್ಕಿಸಿರುವುದು ಕಾಣುತ್ತದೆ. ಅವೇ ಹಾಗ್ ರಿಂಗ್. ಸೈಡ್ ಕಟರ್‌ನಿಂದ ಒಂದೊಂದಾಗಿ ಕತ್ತರಿಸು. ಕಣ್ಣಿಗೆ ಕನ್ನಡಕ ಇರಲಿ, ತುಂಡು ಎಲ್ಲಿಗೆ ಬೇಕಾದರೂ ಹಾರುತ್ತದೆ. ಕತ್ತರಿಸಿದ ತುಂಡುಗಳನ್ನೆಲ್ಲ ಒಂದು ಡಬ್ಬಿಗೆ ಹಾಕುತ್ತಾ ಹೋಗು. ಒಂದು ತುಂಡು ಫೋಮಿನೊಳಗೆ ಉಳಿದರೂ ಹೊಸ ರೆಕ್ಸಿನ್ ಒಳಗಿನಿಂದ ತೂತಾಗುತ್ತದೆ. ಕೆಲವು ಕಡೆ ಕವರಿನ ಹಿಂದೆ ಬಟ್ಟೆಯ ಸಣ್ಣ ತೋಳು ಹೊಲಿದು ಅದರೊಳಗೆ ಕಬ್ಬಿಣದ ತಂತಿ ತೂರಿಸಿರುತ್ತಾರೆ. ಸೀಟಿನ ಮಧ್ಯದ ಗೆರೆಗಳು ಒಳಗೆ ಜಗ್ಗಿಕೊಂಡು ನಿಲ್ಲುವುದು ಆ ತಂತಿಯಿಂದಲೇ. ಹೊಸ ಕವರಿನ ಜೊತೆ ಆ ತಂತಿ ಬಂದೇ ಬರುತ್ತದೆ ಅಂತ ಹೇಳಲಾಗುವುದಿಲ್ಲ. ಹಳೆಯದನ್ನೇ ಮೆಲ್ಲಗೆ ಎಳೆದು ತೆಗೆದು, ಯಾವುದು ಎಲ್ಲಿಯದು ಅಂತ ಚೀಟಿ ಕಟ್ಟಿ ಇಡು.

ಬಿಚ್ಚುವಾಗ ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೊ ತೆಗೆ. ನಮ್ಮ ಕಾಲದಲ್ಲಿ ಇದೊಂದು ಸೌಕರ್ಯ ಇರಲಿಲ್ಲ. ಸುಣ್ಣದ ಕಡ್ಡಿಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆವು.

ಹಳೆ ಕವರ್ ಎಷ್ಟೇ ಹರಿದಿರಲಿ, ಎಸೆಯಬೇಡ. ವೈನಿ ಗುಜರಿಗೆ ಹಾಕು ಅಂತ ಗದರಿಸಿದರೂ ಬಚ್ಚಿಡು. ನಿನ್ನ ಸೀಟಿನ ಸರಿಯಾದ ಅಳತೆ ಇರುವುದು ಅದರಲ್ಲಿ ಮಾತ್ರ. ನಮ್ಮ ಗುಲ್ಬರ್ಗಾ ಕಲಬುರಗಿ ಆದ 2014ರಲ್ಲೇ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ತಯಾರಿಕೆ ನಿಂತುಹೋಯಿತು. ಕಂಪನಿಯಿಂದಲೇ ಸೀಟಿನ ಕವರ್ ತರಿಸುವ ಮಾತು ಈಗ ಇಲ್ಲ. ಮಾರ್ಕೆಟ್‌ನಲ್ಲಿ ಸಿಗುವುದೆಲ್ಲ ಯಾರೋ ಯಾವುದೋ ಸೀಟು ನೋಡಿ ಹೊಲಿದದ್ದು. ಮಾರ್ಕ್ ಎರಡು, ಮೂರು, ನಾಲ್ಕು, ನೋವಾ ಅಂತ ಒಂದೇ ಗಾಡಿ ಎಷ್ಟು ಅವತಾರ ಎತ್ತಿದೆ ನೋಡು. ಮೇಲಾಗಿ ಅಷ್ಟು ಹಳೆ ಗಾಡಿಯ ಸೀಟನ್ನು ನಡುವೆ ಯಾರು ಬದಲಾಯಿಸಿದರೋ ಯಾರಿಗೆ ಗೊತ್ತು. ಆನ್‌ಲೈನ್‌ನಲ್ಲಿ ಅಂಬಾಸಿಡರ್ ಅಂತ ಬರೆದಿದ್ದರೆ ನಿನ್ನ ಸೀಟಿಗೆ ಕೂತುಬಿಡುತ್ತದೆ ಅಂತ ನಂಬಬೇಡ. ಬಿಚ್ಚಿದ ಕವರ್ ಹಾಸಿ, ಉದ್ದ ಅಗಲ, ಪೈಪಿಂಗ್ ಅಂದರೆ ಹೊಲಿಗೆಯ ಮೇಲಿನ ದುಂಡನೆ ಅಂಚುಪಟ್ಟಿ ಎಲ್ಲಿ ಓಡುತ್ತದೆ, ತಂತಿಯ ತೋಳು ಎಷ್ಟಿವೆ, ಎಲ್ಲ ಬರೆದುಕೋ. ಆಮೇಲೆ ಆರ್ಡರ್ ಮಾಡು. ಇಲ್ಲವೆಂದರೆ ಊರಲ್ಲೇ ಒಳ್ಳೆ ಕುಶನ್ ಟೇಲರ್ ಹಿಡಿದು ಅದನ್ನೇ ಮಾದರಿಯಾಗಿ ಕೊಟ್ಟು ಹೊಲಿಸು. ನನ್ನನ್ನು ಕೇಳಿದರೆ ಎರಡನೆಯದೇ ಸರಿ. ದಾರ ಮಾತ್ರ ಪಾಲಿಯೆಸ್ಟರ್‌ದೇ ಹಾಕಿಸು. ಹತ್ತಿಯ ದಾರ ನಮ್ಮ ಬಿಸಿಲಿಗೆ ಬೇಗ ಸಾಯುತ್ತದೆ.

ಕವರ್ ತೆಗೆದ ಮೇಲೆ ಒಳಗಿನ ದೃಶ್ಯ ನೋಡಿ ಗಾಬರಿ ಆಗಬೇಡ. ಇಲಿ ಗೂಡು ಕಟ್ಟಿರಬಹುದು. ನಿಂತ ಗಾಡಿಯ ಸೀಟು ಅಂದರೆ ಇಲಿಗೆ ಅರಮನೆ. ಮುಖಕ್ಕೆ ಮಾಸ್ಕ್, ಕೈಗೆ ಗ್ಲೌಸ್ ಹಾಕಿಕೋ. ಒಣಗಿದ ಇಲಿ ಹಿಕ್ಕೆಯ ಧೂಳು ಒಳ್ಳೆಯದಲ್ಲ. ಗುಡಿಸುವ ಮೊದಲು ಫಿನಾಯಿಲ್ ನೀರು ಚಿಮುಕಿಸಿ ಒದ್ದೆ ಮಾಡು. ವಾಸನೆ ಹಿಡಿದ ಪ್ಯಾಡನ್ನು ತೊಳೆದು ಉಳಿಸಲು ಹೋಗಬೇಡ, ಎಸೆದುಬಿಡು. ಮಳೆ ಬಂದ ದಿನ ಅದು ಮತ್ತೆ ನಾರುತ್ತದೆ.

ಆಮೇಲೆ ಸ್ಪ್ರಿಂಗ್. ಒಂದೊಂದನ್ನೂ ಕೈಯಿಂದ ಒತ್ತಿ ನೋಡು. ಮುರಿದದ್ದು, ಫ್ರೇಮಿನಿಂದ ಕಳಚಿಕೊಂಡದ್ದು ಡ್ರೈವರ್ ಕಡೆ ಸಿಕ್ಕೇ ಸಿಗುತ್ತದೆ ಅಂತ ನಾನು ಇಲ್ಲಿ ಕೂತೇ ಹೇಳುತ್ತೇನೆ. ಫ್ರೇಮಿನ ತುಕ್ಕು ತಂತಿ ಬ್ರಷ್‌ನಿಂದ ಉಜ್ಜಿ, ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಹೊಡೆದು, ಪೂರ್ತಿ ಒಣಗಲು ಬಿಡು. ಫ್ರೇಮಿನಲ್ಲಿ ಬಿರುಕು ಕಂಡರೆ ಬರಿಯ ಫ್ರೇಮನ್ನೇ ವೆಲ್ಡಿಂಗ್‌ಗೆ ಒಯ್ಯಿ. ಫೋಮು, ಬಟ್ಟೆ ಇರುವಾಗ ಕಿಡಿ ಹಾರಿಸುವುದು ಬೇಡವೇ ಬೇಡ.

ಸ್ಪ್ರಿಂಗಿನ ಮೇಲೆ ಗೋಣಿ ತಟ್ಟಿನ ಒಂದು ಪದರ ಇರಲೇಬೇಕು. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಗೋಣಿ ಇಲ್ಲದಿದ್ದರೆ ಸ್ಪ್ರಿಂಗು ಮೇಲೆ ಕೆಳಗೆ ಆಡುತ್ತಾ ಫೋಮನ್ನು ಕೊಯ್ದು ಪುಡಿ ಮಾಡುತ್ತದೆ. ಅದಕ್ಕೇನು ಪೇಟೆ ಸುತ್ತಬೇಕಾಗಿಲ್ಲ. ನೆಹರು ಗಂಜ್ ಮಾರ್ಕೆಟ್‌ನಲ್ಲಿ ಸೆಣಬಿನ ಚೀಲ ಬೇಕಾದಷ್ಟು ಸಿಗುತ್ತದೆ. ತೊಗರಿ ತುಂಬಿದ್ದ ಚೀಲ ಆದರೆ ಚೆನ್ನಾಗಿ ಒಗೆದು ಬಿಸಿಲಿಗೆ ಹಾಕು, ಇಲ್ಲವೆಂದರೆ ನುಸಿ ಸೀಟಿಗೂ ಬರುತ್ತದೆ. ಅದರ ಮೇಲೆ ನಾರಿನ ಪ್ಯಾಡ್, ಅದರ ಮೇಲೆ ತೆಳ್ಳಗೆ ಫೋಮ್. ಫೋಮ್ ಅಂಗಡಿಯಲ್ಲಿ ಡೆನ್ಸಿಟಿ (ಸಾಂದ್ರತೆ) ಕೇಳಿ ತಗೋ, 40ರದು ಕೂರಲು ಒಳ್ಳೆಯದು. ಹಾಸಿಗೆಗೆ ಹಾಕುವ ಮೆತ್ತನೆ ಫೋಮ್ ಅಂಗಡಿಯಲ್ಲಿ ಒತ್ತಿದಾಗ ಹಿತ ಅನ್ನಿಸುತ್ತದೆ, ಆದರೆ ಬೇಗ ಚಪ್ಪಟೆ ಆಗುತ್ತದೆ. ದಪ್ಪ ಜಾಸ್ತಿ ಬೇಡ. ಅರ್ಧ ಇಂಚಿನಿಂದ ಒಂದು ಇಂಚು ಸಾಕು. ದಪ್ಪ ಹಾಕಿದರೆ ಕವರಿನ ಅಂಚು ಫ್ರೇಮಿಗೆ ಮುಟ್ಟುವುದಿಲ್ಲ. ನೀನು ಬಲವಂತ ಮಾಡಿ ಎಳೆಯುತ್ತೀಯ, ಹೊಲಿಗೆ ಬಾಯಿ ಬಿಡುತ್ತದೆ. ಅಂಟು ಹಚ್ಚುವುದಾದರೆ ಅಂಚುಗಳಿಗೆ ಮಾತ್ರ ಹಚ್ಚು. ಕೂರುವ ಜಾಗದಲ್ಲಿ ಹಚ್ಚಿದರೆ ಅದು ಒಣಗಿ ಹಪ್ಪಳದ ಹಾಗೆ ಗಟ್ಟಿ ಆಗುತ್ತದೆ.

ಇನ್ನು ಆ ಕಪ್ಪು ಬಣ್ಣ. ತಮ್ಮಾ, ನೀನು ಕಲಬುರಗಿಯಲ್ಲೇ ಹುಟ್ಟಿ ಬೆಳೆದವನಲ್ವಾ? ಏಪ್ರಿಲ್, ಮೇ ತಿಂಗಳಲ್ಲಿ 42, 43 ಡಿಗ್ರಿ ಇರುವಾಗ ಸೂಪರ್ ಮಾರ್ಕೆಟ್ ಹತ್ತಿರ ಗಾಡಿ ಬಿಸಿಲಿಗೆ ನಿಲ್ಲಿಸಿ, ಅರ್ಧ ತಾಸು ಬಿಟ್ಟು ಬಂದು ಕಪ್ಪು ರೆಕ್ಸಿನ್ ಮೇಲೆ ಕೂತು ನೋಡು. ಫೋಟೊದಲ್ಲಿ ಕಪ್ಪು ಚೆಂದ ಕಾಣುತ್ತದೆ, ಒಪ್ಪುತ್ತೇನೆ. ಕೂರಬೇಕಾದದ್ದು ಫೋಟೊ ಅಲ್ಲವಲ್ಲ. ಗಾಡಿಯ ಮೂಲ ಬಣ್ಣ ಯಾವುದು ಅಂತ ನೋಡಬೇಕಾದರೆ ಹಳೆ ಕವರಿನ ಮಡಚಿದ ಅಂಚು ತಿರುಗಿಸಿ ನೋಡು. ಬಿಸಿಲು ತಾಗದ ಆ ಭಾಗದಲ್ಲಿ ಬಣ್ಣ ಇನ್ನೂ ಹಾಗೇ ಇರುತ್ತದೆ. ಅದಕ್ಕೆ ಹೊಂದುವ ತಿಳಿ ಬಣ್ಣದ ರೆಕ್ಸಿನ್ ಹುಡುಕು. ಅಲ್ಲಿ ಸಿಗದಿದ್ದರೆ ಸೋಲಾಪುರ ಇದೆ, ಹೈದರಾಬಾದ್ ಇದೆ.

ಚರ್ಮದ ಆಸೆ ಇದ್ದರೆ ಅದನ್ನೂ ಬಿಡು. ನಮ್ಮ ಒಣ ಸೆಕೆಯಲ್ಲಿ ಅದಕ್ಕೆ ಸದಾ ಉಪಚಾರ ಮಾಡುತ್ತಿರಬೇಕು, ಇಲ್ಲವೆಂದರೆ ಸೀಳು ಬೀಳುತ್ತದೆ.

ಸರ್ಕಾರಿ ಅಂಬಾಸಿಡರ್‌ಗಳಲ್ಲಿ ಸೀಟಿಗೆ ಬಿಳಿ ಟವೆಲ್ ಬಟ್ಟೆ ಹೊದಿಸುತ್ತಿದ್ದದ್ದು ನೀನು ನೋಡಿರಬಹುದು. ಸಾಹೇಬರ ದರ್ಪಕ್ಕೆ ಅಂತ ಜನ ನಗುತ್ತಿದ್ದರು. ದರ್ಪ ಇತ್ತೋ ಇಲ್ಲವೋ, ನಮ್ಮ ಊರಿನ ಬಿಸಿಲಿಗೆ ಅದರಷ್ಟು ಒಳ್ಳೆ ಉಪಾಯ ಇನ್ನೊಂದಿಲ್ಲ. ಬಿಳಿ ಬಣ್ಣ ಕಾಯುವುದು ಕಡಿಮೆ, ಹತ್ತಿ ಬೆವರು ಹೀರುತ್ತದೆ, ಕೊಳೆ ಆದರೆ ಬಿಚ್ಚಿ ಒಗೆಯಬಹುದು. ಕಪ್ಪು ಮಣ್ಣಿನ ಧೂಳಿನಲ್ಲಿ ಓಡಾಡುವ ಗಾಡಿಗೆ ಇದಕ್ಕಿಂತ ಹೆಚ್ಚು ಏನು ಬೇಕು? ರೆಕ್ಸಿನ್ ಹೊಲಿಸುವಾಗಲೇ ಬೇಸಿಗೆಗೆ ಅಂತ ಲಾಡಿ ಕಟ್ಟುವ ಹತ್ತಿ ಕವರ್ ಒಂದು ಜೊತೆ ಹೊಲಿಸಿಬಿಡು. ನಿನ್ನ ಗೆಳೆಯರು ಟ್ಯಾಕ್ಸಿ ಅಂತಾರೆ. ಅನ್ನಲಿ ಬಿಡು.

ಹೊಸ ಕವರ್ ಹಾಕುವ ದಿನ ಬಿಸಿಲು ನಿನ್ನ ಕಡೆಗೇ ಕೆಲಸ ಮಾಡಲಿ. ತಣ್ಣಗಿನ ರೆಕ್ಸಿನ್ ಬಗ್ಗುವುದಿಲ್ಲ, ಹಿಗ್ಗುವುದಿಲ್ಲ. ಇಲ್ಲಿ ಬೀದರಿನಲ್ಲಿ ಡಿಸೆಂಬರ್ ಬೆಳಿಗ್ಗೆ ಅದನ್ನು ಎಳೆದು ಕೂರಿಸುವುದು ಅಂದರೆ ಬೆರಳು ಕಿತ್ತು ಬರುತ್ತದೆ. ನಿಮ್ಮ ಅಂಗಳದ ಶಹಾಬಾದ್ ಫರ್ಸಿ ಕಲ್ಲು ಹನ್ನೊಂದು ಗಂಟೆಗೆಲ್ಲ ಕಾದಿರುತ್ತದೆ. ಮೇಲೊಂದು ಚಾದರ ಹಾಸಿ ಕವರ್ ಬಿಡಿಸಿ ಹಾಕು. ಇಪ್ಪತ್ತು ನಿಮಿಷದಲ್ಲಿ ಮೆತ್ತಗಾಗುತ್ತದೆ, ಮಡಿಕೆಯ ಗೆರೆಗಳೂ ಹೋಗುತ್ತವೆ. ಬಿಸಿ ಗಾಳಿಯ ಗನ್ ತಂದು ಹತ್ತಿರ ಹಿಡಿಯಬೇಡ. ರೆಕ್ಸಿನ್ ಹೊಳಪು ಬಂದು ಸುಟ್ಟ ಕಲೆ ಆಗುತ್ತದೆ, ಅದು ಮತ್ತೆ ಹೋಗುವುದಿಲ್ಲ.

ಫೋಮಿನ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ ಕವರ್ ಇಳಿಸು. ಹಾಗೆ ಮಾಡಿದರೆ ಜಾರಿಕೊಂಡು ಇಳಿಯುತ್ತದೆ, ಫೋಮ್ ಮುದುಡುವುದಿಲ್ಲ. ಕವರ್ ಕೂತ ಮೇಲೆ ಹಾಳೆ ಎಳೆದು ತೆಗೆ. ಮೊದಲು ಮಧ್ಯದ ತಂತಿ ಸಿಕ್ಕಿಸು. ಆಮೇಲೆ ಮುಂದಿನ ಅಂಚಿನ ನಡುವೆ ಒಂದು ರಿಂಗು, ಹಿಂದಿನ ಅಂಚಿನ ನಡುವೆ ಒಂದು. ಎದ್ದು ನಿಂತು ದೂರದಿಂದ ನೋಡು. ಪೈಪಿಂಗ್ ನೆಟ್ಟಗೆ ಓಡುತ್ತಿದ್ದರೆ ಮಾತ್ರ ನಡುವಿನಿಂದ ಎರಡೂ ಬದಿಗೆ ಹೋಗು. ಮೂಲೆ ಕೊನೆಗೆ. ಮೂಲೆಯಿಂದ ಶುರು ಮಾಡುವವನು ಕೊನೆಗೆ ಇನ್ನೊಂದು ಮೂಲೆಯಲ್ಲಿ ಸುಕ್ಕು ಹಿಡಿದುಕೊಂಡು ಕೂರುತ್ತಾನೆ. ಸಣ್ಣ ಸುಕ್ಕು ಉಳಿದರೆ ತಲೆ ಕೆಡಿಸಿಕೊಳ್ಳಬೇಡ, ನಾಲ್ಕು ದಿನ ಬಿಸಿಲಿನಲ್ಲಿ ಓಡಿಸಿದರೆ ಹೋಗುತ್ತದೆ. ದೊಡ್ಡ ಸುಕ್ಕು ಅಂದರೆ ಒಳಗೆ ಪ್ಯಾಡ್ ಕಡಿಮೆ ಬಿದ್ದಿದೆ. ಬಿಚ್ಚಿ ಮತ್ತೆ ತುಂಬು, ಎಳೆಯಬೇಡ.

ಸೀಟು ಗಾಡಿಗೆ ಹಾಕಿದ ಮೇಲೆ ಬೋಲ್ಟು ಬಿಗಿ ಮಾಡಿ, ಹಿಂದೆ ಮುಂದೆ ಜರುಗಿಸಿ, ಲಾಕ್ ಗಟ್ಟಿ ಬೀಳುತ್ತದೋ ಇಲ್ಲವೋ ನೋಡು. ಓಡುವಾಗ ಸೀಟು ಜರುಗಿದರೆ ಕಾಲು ಬ್ರೇಕಿಗೆ ಸಿಗುವುದಿಲ್ಲ. ಇದನ್ನು ನೋಡದೆ ಗೇಟು ದಾಟಿಸಬೇಡ.

ಕೊಬ್ಬರಿ ಎಣ್ಣೆ, ಹೊಳೆಯುವ ಪಾಲಿಶ್ ಏನೂ ಹಚ್ಚಬೇಡ, ಧೂಳು ಅಂಟುತ್ತದೆ. ಸೋಪಿನ ನೀರು, ಒದ್ದೆ ಬಟ್ಟೆ ಸಾಕು.

ಹಾಗ್ ರಿಂಗಿನ ಇಕ್ಕಳ ಕೊಳ್ಳಲು ದುಡ್ಡು ಹಾಕಬೇಡ. ನನ್ನ ಹತ್ತಿರ ಎರಡು ಇವೆ, ರಿಂಗೂ ಒಂದು ಡಬ್ಬಿ ಇದೆ. ನೀನು ಸೀಟು ಬಿಚ್ಚಿ ಸ್ಪ್ರಿಂಗಿನ ಫೋಟೊ ಕಳಿಸು. ಎಷ್ಟು ಫೋಮ್ ಬೇಕು ಅಂತ ನಾನು ಲೆಕ್ಕ ಹಾಕಿ ಹೇಳುತ್ತೇನೆ. ಕವರ್ ಹೊಲಿದು ಬಂದ ಮೇಲೆ ಫೋನ್ ಮಾಡು, ಇಲ್ಲಿಂದ ರೈಲು ಹತ್ತಿ ಬರುತ್ತೇನೆ. ರಿಂಗು ಹಾಕುವುದು ನೀನೇ, ನಾನು ಕುರ್ಚಿ ಹಾಕಿಕೊಂಡು ಪಕ್ಕದಲ್ಲಿ ಕೂತಿರುತ್ತೇನೆ. ಅಣ್ಣನಿಗೆ, ವೈನಿಗೆ ನಮಸ್ಕಾರ ಹೇಳು. ಶೇಂಗಾ ಚಟ್ನಿ ಕಳಿಸಿದ್ದು ಮುಗಿದಿದೆ ಅಂತಲೂ ಹೇಳು.

ನಿನ್ನ ಕಾಕಾ