ಮಣ್ಣು, ಬೂದಿ, ಅಡಿಕೆ ಸಿಪ್ಪೆಯ ಮೇಲೆ ಪಿಎಚ್‌.ಡಿ. ಮಾಡುವವರಿಗೆ ದಾರಿ ತೆರೆಯಲಿ

ಸಂಪಾದಕರಿಗೆ,

ಮಾನ್ಯರೇ,

ಎಂಜಿನಿಯರಿಂಗ್ ಮುಗಿಸಿದವರ ಮುಂದಿರುವ ದಾರಿಗಳ ಕುರಿತು ನಿಮ್ಮ ಪತ್ರಿಕೆಯ ಶಿಕ್ಷಣ ಪುಟದಲ್ಲಿ ಬರುವ ಬರಹಗಳನ್ನು ನಾನು ತಪ್ಪದೆ ಓದುತ್ತೇನೆ. ಕೃತಕ ಬುದ್ಧಿಮತ್ತೆ, ಡೇಟಾ ಸೈನ್ಸ್, ಚಿಪ್ ವಿನ್ಯಾಸದ ಬಗ್ಗೆ ಬೇಕಾದಷ್ಟು ಬಂದಿದೆ, ಬರಬೇಕಾದ್ದೂ ಹೌದು. ಆದರೆ ಸಿವಿಲ್, ಮೆಕ್ಯಾನಿಕಲ್ ಓದಿದ ಮಕ್ಕಳಿಗೆ ನಮ್ಮ ರಾಜ್ಯದ ನೆಲದಲ್ಲೇ ಇರುವ, ಯಾರೂ ಅವರ ಕಿವಿಗೆ ಹಾಕದ ಒಂದು ಸಂಶೋಧನಾ ಕ್ಷೇತ್ರದ ಬಗ್ಗೆ ಈವರೆಗೆ ಒಂದು ಸಾಲೂ ಬಂದಂತಿಲ್ಲ. ಪರಿಸರಕ್ಕೆ ಹೊರೆಯಾಗದ ನಿರ್ಮಾಣ ವಸ್ತುಗಳು ಭಾರವನ್ನು ಹೇಗೆ ಹೊರುತ್ತವೆ, ಎಲ್ಲಿ ಬಿರುಕು ಬಿಡುತ್ತವೆ, ಎಷ್ಟು ವರ್ಷ ಬಾಳುತ್ತವೆ ಎಂಬುದನ್ನು ಅಳೆದು ತಿಳಿಯುವ ಕ್ಷೇತ್ರ ಅದು. ಮೂವತ್ತು ವರ್ಷ ಸಿವಿಲ್ ವಿಭಾಗದಲ್ಲಿ ಪಾಠ ಹೇಳಿ, ಪ್ರಯೋಗಾಲಯ ನೋಡಿಕೊಂಡು ನಿವೃತ್ತನಾದ ನನಗೆ ಇದು ಹೇಳಲೇಬೇಕಾದ ಮಾತು ಎನಿಸಿದ್ದರಿಂದ ಈ ದೀರ್ಘ ಪತ್ರ ಬರೆಯುತ್ತಿದ್ದೇನೆ.

ಜಗತ್ತಿನಲ್ಲಿ ಮನುಷ್ಯರಿಂದ ಹೊರಬೀಳುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಶೇ 7ರಿಂದ 8ರಷ್ಟು ಸಿಮೆಂಟ್ ತಯಾರಿಕೆಯಿಂದಲೇ ಬರುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇಂಧನ ಉರಿಸಿದ್ದರಿಂದ ಬಂದದ್ದಲ್ಲ. ಸುಣ್ಣಕಲ್ಲು ಕಾದು ಒಡೆಯುವಾಗ ಆ ಕಲ್ಲಿನೊಳಗಿಂದಲೇ ಬಿಡುಗಡೆಯಾದದ್ದು. ಹಾಗಾಗಿ ಕಲ್ಲಿದ್ದಲಿನ ಬದಲು ಸೂರ್ಯನ ಶಾಖ ಬಳಸಿದರೂ ಸಮಸ್ಯೆ ಪೂರ್ತಿ ತೀರುವುದಿಲ್ಲ, ಸಿಮೆಂಟನ್ನೇ ಕಡಿಮೆ ಬಳಸುವ ದಾರಿ ಹುಡುಕಬೇಕಾಗುತ್ತದೆ. ಆ ದಾರಿಗೆ ಬೇಕಾದ ಸಾಮಗ್ರಿ ನಮ್ಮಲ್ಲಿ ರಾಶಿ ಬಿದ್ದಿದೆ. ರಾಯಚೂರಿನ ಶಕ್ತಿನಗರದಲ್ಲಿ 1720 ಮೆಗಾವಾಟ್ ಸಾಮರ್ಥ್ಯದ ಶಾಖೋತ್ಪನ್ನ ಸ್ಥಾವರದ ಹಾರುಬೂದಿ ಇದೆ, ಬಳ್ಳಾರಿ ಸೀಮೆಯ ತೋರಣಗಲ್ಲಿನ ಉಕ್ಕಿನ ಕುಲುಮೆಗಳ ಸ್ಲ್ಯಾಗ್ (ಅದಿರು ಕರಗಿಸಿದ ಮೇಲೆ ಉಳಿಯುವ ಕಿಟ್ಟ) ಇದೆ, ಕಲಬುರಗಿ ಸೀಮೆಯ ಗಣಿಗಳಲ್ಲಿ ಸಿಮೆಂಟಿಗೆ ಬಾರದೆಂದು ಬದಿಗೆ ಸುರಿದ ಕಡಿಮೆ ದರ್ಜೆಯ ಸುಣ್ಣಕಲ್ಲಿದೆ. ಇವುಗಳನ್ನು ಬಳಸಲು ಹಿಂಜರಿಯುವ ಎಂಜಿನಿಯರನನ್ನು ಕಾರಣ ಕೇಳಿದರೆ ಆತ ಹೇಳುವುದು ಒಂದೇ: ‘ಸರ್, ಇದರ ಅಂಕಿಅಂಶ ಎಲ್ಲಿದೆ? ನಾಳೆ ಗೋಡೆ ಸೀಳಿದರೆ ಸಹಿ ಹಾಕಿದವನು ನಾನು.’ ಆ ಪ್ರಶ್ನೆ ನ್ಯಾಯವಾದದ್ದು. ಉತ್ತರವಾಗಿ ಕೊಡಬೇಕಾದ ಅಂಕಿಅಂಶವನ್ನು ಹುಟ್ಟಿಸುವವರು ಪಿಎಚ್‌.ಡಿ. ವಿದ್ಯಾರ್ಥಿಗಳೇ.

ಹಾಗೆಂದರೇನು ಎಂಬುದನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ಮಣ್ಣಿಗೆ ಶೇ 6ರಿಂದ 8ರಷ್ಟು ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ, ಸುಡದೆ, ಮೂರ್ನಾಲ್ಕು ವಾರ ನೀರುಣಿಸಿ ಮಾಡುವ ಸ್ಥಿರೀಕೃತ ಮಣ್ಣಿನ ಬ್ಲಾಕು ನಮ್ಮವರಿಗೆ ಹೊಸದಲ್ಲ. ಎರಡು ದಿನ ನೀರಿನಲ್ಲಿ ನೆನೆಸಿದ ಅಂಥದೊಂದು ಬ್ಲಾಕನ್ನು ಮೇಲೂ ಕೆಳಗೂ ತೆಳುವಾದ ಪ್ಲೈವುಡ್ ಹಾಳೆ ಇಟ್ಟು ಪರೀಕ್ಷಾ ಯಂತ್ರದಲ್ಲಿ ಕೂರಿಸಿ ನಿಧಾನವಾಗಿ ಭಾರ ಏರಿಸುತ್ತಾ ಹೋಗಿ. ಮೊದಲು ಬದಿಯ ಮುಖಗಳಲ್ಲಿ ಕೂದಲೆಳೆಯಂಥ ಲಂಬ ಗೆರೆಗಳು ಮೂಡುತ್ತವೆ, ಆಮೇಲೆ ಬದಿಗಳು ಹಕ್ಕಳೆಯಂತೆ ಕಳಚಿ ಬೀಳುತ್ತವೆ, ಕೊನೆಗೆ ನಡು ಸವೆದ ಡಮರುವಿನಾಕಾರದ ತುಂಡೊಂದು ಉಳಿಯುತ್ತದೆ. ಬ್ಲಾಕಿನ ಮೇಲ್ತುದಿ ಕೆಳತುದಿಗಳನ್ನು ಯಂತ್ರದ ಉಕ್ಕಿನ ಫಲಕಗಳು ಘರ್ಷಣೆಯಿಂದ ಬಿಗಿಯಾಗಿ ಹಿಡಿದಿರುವುದರಿಂದ ಅಲ್ಲಿ ಮಣ್ಣು ಪಕ್ಕಕ್ಕೆ ಸರಿಯಲಾರದು; ಅದಕ್ಕೇ ಆ ಆಕಾರ. ಬ್ಲಾಕು ಎತ್ತರದಲ್ಲಿ ಗಿಡ್ಡವಾದಷ್ಟೂ ಈ ಹಿಡಿತ ಇಡೀ ಬ್ಲಾಕನ್ನು ಆವರಿಸಿ, ನಿಜವಾದ ಶಕ್ತಿಗಿಂತ ಹೆಚ್ಚಿನ ಅಂಕಿಯನ್ನು ತೋರಿಸುತ್ತದೆ. ಆದ್ದರಿಂದಲೇ ಬಲ್ಲವರು ಒಂಟಿ ಬ್ಲಾಕಿನ ಅಂಕಿಯನ್ನು ನಂಬದೆ, ನಾಲ್ಕೈದು ವರಸೆಗಳನ್ನು ಗಾರೆ ಹಾಕಿ ಒಂದರ ಮೇಲೊಂದು ಕಟ್ಟಿ ಒತ್ತಿ ನೋಡುತ್ತಾರೆ. ಒಣಗಿದ ಬ್ಲಾಕು ಮತ್ತು ನೆನೆದ ಬ್ಲಾಕುಗಳ ನಡುವಿನ ಅಂತರ ಇನ್ನೂ ದೊಡ್ಡದು. ನೆನೆದಾಗ ಶಕ್ತಿ ಅರ್ಧಕ್ಕೆ ಇಳಿಯುವುದು ಸಾಮಾನ್ಯ. ಮಲೆನಾಡಿನ ಮಳೆಗೆ ಮೈಯೊಡ್ಡುವ ಗೋಡೆಗೆ ಯಾವ ಅಂಕಿ ಹಿಡಿಯಬೇಕು ಎಂಬುದನ್ನು ನಾನು ವಿವರಿಸಬೇಕಾಗಿಲ್ಲ.

ಈ ಮಣ್ಣಿನ ಬ್ಲಾಕಿನ ಹಿಂದೆ ಒಂದು ಕನ್ನಡನಾಡಿನ ಕಥೆಯೇ ಇದೆ. 1974ರಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಆರಂಭವಾಯಿತು. ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮೊದಲಾದವರು ಮಣ್ಣಿನ ಕಟ್ಟಡವನ್ನು ಲೆಕ್ಕಾಚಾರದ ಎಂಜಿನಿಯರಿಂಗ್ ಆಗಿ ಬೆಳೆಸಿದ್ದು ಅಲ್ಲಿಯೇ. ಅಲ್ಲಿ ಕಂಡುಕೊಂಡ ಒಂದು ಸಂಗತಿಯನ್ನು ನಾನು ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಪರದೇಶದ ಪಠ್ಯಪುಸ್ತಕಗಳಲ್ಲಿ ಇಟ್ಟಿಗೆ ಗಡಸು, ಗಾರೆ ಮೆದು. ಭಾರ ಬಿದ್ದಾಗ ಗಾರೆ ಪಕ್ಕಕ್ಕೆ ಹಿಗ್ಗಲು ನೋಡುತ್ತದೆ, ಇಟ್ಟಿಗೆ ಅದನ್ನು ತಡೆಯುತ್ತದೆ, ಆ ಎಳೆತಕ್ಕೆ ಇಟ್ಟಿಗೆ ಸೀಳುತ್ತದೆ. ಬೆಂಗಳೂರು ಸುತ್ತಿನ ಇಟ್ಟಿಗೆಗಳನ್ನು ಅಳೆದು ನೋಡಿದಾಗ ಅವು ನಾವು ಬಳಸುವ ಸಿಮೆಂಟ್ ಗಾರೆಗಿಂತ ಮೆದುವಾಗಿದ್ದವು. ಅಂದರೆ ಗೋಡೆಯೊಳಗೆ ಪಾತ್ರಗಳು ಅದಲುಬದಲಾಗಿ, ಎಳೆತಕ್ಕೆ ಸಿಲುಕುವುದು ಗಾರೆ. ಇಂಥ ಗೋಡೆಗೆ ಗಾರೆಯಲ್ಲಿ ಸಿಮೆಂಟ್ ಹೆಚ್ಚು ಸುರಿಯುವುದಕ್ಕಿಂತ ಇಟ್ಟಿಗೆಗೂ ಗಾರೆಗೂ ನಡುವಿನ ಅಂಟನ್ನು ಬಲಪಡಿಸುವುದು ಮುಖ್ಯವೆಂದು ಆ ಸಂಶೋಧಕರು ತೋರಿಸಿಕೊಟ್ಟರು. ನಮ್ಮ ಮಣ್ಣನ್ನು, ನಮ್ಮ ಇಟ್ಟಿಗೆಯನ್ನು ನಮ್ಮವರೇ ಕೂತು ಅಳೆಯದಿದ್ದರೆ ಈ ಸತ್ಯ ಯಾವ ಪುಸ್ತಕದಿಂದಲೂ ದೊರೆಯುತ್ತಿರಲಿಲ್ಲ.

ಈಗ ಮುಂದೆ ಬಂದಿರುವ ಕೆಲಸ ಅದಕ್ಕಿಂತಲೂ ದೊಡ್ಡದು. ಸ್ವಿಟ್ಜರ್ಲೆಂಡಿನ ಲೋಸಾನ್‌ನ ಕರೆನ್ ಸ್ಕ್ರಿವನರ್ ಅವರ ತಂಡ, ಕ್ಯೂಬಾದ ಸಂಶೋಧಕರು, ದೆಹಲಿ ಹಾಗೂ ಮದ್ರಾಸ್ ಐಐಟಿಗಳು ಸೇರಿ ಬೆಳೆಸಿದ ‘ಎಲ್‌ಸಿ3’ ಎಂಬ ಸಿಮೆಂಟಿನಲ್ಲಿ ಕ್ಲಿಂಕರ್ (ಸುಣ್ಣಕಲ್ಲನ್ನು ಸುಟ್ಟು ಪಡೆಯುವ, ಸಿಮೆಂಟಿನ ಮುಖ್ಯ ಅಂಶ) ಇರುವುದು ಸುಮಾರು ಅರ್ಧ ಮಾತ್ರ. ಉಳಿದದ್ದು ಹೆಚ್ಚಾಗಿ ಹದವಾಗಿ ಸುಟ್ಟ ಜೇಡಿಮಣ್ಣು ಮತ್ತು ಸುಡದ ಸುಣ್ಣಕಲ್ಲಿನ ಪುಡಿ. ಇಂಗಾಲದ ಹೊರೆ ಇದರಿಂದ ಮೂರನೇ ಒಂದು ಭಾಗದಷ್ಟು ತಗ್ಗುತ್ತದೆ. 2023ರಲ್ಲಿ ಭಾರತೀಯ ಮಾನಕ ಬ್ಯೂರೋ ಇದಕ್ಕೊಂದು ಮಾನಕವನ್ನೂ ಹೊರಡಿಸಿತು. ಸುಟ್ಟ ಜೇಡಿ ಎಂದೊಡನೆ ನನಗೆ ಕನ್ನಂಬಾಡಿ ಕಟ್ಟೆ ನೆನಪಾಗುತ್ತದೆ. 1911ರಲ್ಲಿ ಕೆಲಸ ಆರಂಭವಾದ ಆ ಅಣೆಕಟ್ಟೆಯನ್ನು ಎತ್ತಿ ನಿಲ್ಲಿಸಿದ್ದು ಸುಣ್ಣಕ್ಕೆ ಸುಟ್ಟ ಮಣ್ಣಿನ ಪುಡಿ ಬೆರೆಸಿದ ಸುರ್ಕಿ ಗಾರೆ. ಅಂಥ ನಾಡಿನಲ್ಲಿ ಹೊಸ ಸಿಮೆಂಟಿನ ಅಧ್ಯಯನಕ್ಕೆ ಜನ ಸಿಗುವುದಿಲ್ಲವೆಂದರೆ ನಾನು ಒಪ್ಪಲಾರೆ. ಕೇಳಬೇಕಾದ ಪ್ರಶ್ನೆಗಳೂ ನಮ್ಮ ಭೂಗೋಳಕ್ಕೆ ಅಂಟಿಕೊಂಡೇ ಇವೆ. ಈ ಸಿಮೆಂಟು ಸಮುದ್ರದ ಉಪ್ಪನ್ನು ಚೆನ್ನಾಗಿ ತಡೆಯುತ್ತದೆ, ಆದ್ದರಿಂದ ಕಾರವಾರ, ಮಂಗಳೂರುಗಳಿಗೆ ಒಳ್ಳೆಯದು. ಆದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಇದರೊಳಕ್ಕೆ ಸಾಮಾನ್ಯ ಸಿಮೆಂಟಿಗಿಂತ ಬೇಗ ಇಳಿಯುತ್ತದೆ, ಹಾಗೆ ಇಳಿದರೆ ಒಳಗಿನ ಕಬ್ಬಿಣಕ್ಕೆ ತುಕ್ಕಿನ ಭಯ. ಬಯಲುಸೀಮೆಯ ಒಣ ಬಿಸಿಲಲ್ಲಿ, ಕ್ಯೂರಿಂಗಿಗೆ (ನೀರುಣಿಸಿ ಗಟ್ಟಿಗೊಳಿಸಲು) ನೀರೇ ಸಾಲದ ಕಡೆ, ಇದರ ಕಾಂಕ್ರೀಟು ಎಷ್ಟು ಕುಗ್ಗುತ್ತದೆ, ವರ್ಷಗಟ್ಟಲೆ ಅದೇ ಭಾರ ಹೊತ್ತು ನಿಂತಾಗ ಎಷ್ಟು ಬಾಗುತ್ತದೆ ಎಂಬುದು ಕಲಬುರಗಿಯಲ್ಲೋ ವಿಜಯಪುರದಲ್ಲೋ ಕೂತು ಮಾಡಬೇಕಾದ ಕೆಲಸ.

ಮೆಕ್ಯಾನಿಕಲ್ ವಿಭಾಗದವರ ಪಾಲಿಗೂ ಇಷ್ಟೇ ಇದೆ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ಸುಗ್ಗಿಯಲ್ಲಿ ಚನ್ನಗಿರಿ ಕಡೆಯ ರಸ್ತೆಗಳಲ್ಲಿ ಹೋದವರು ಸುಲಿದ ಸಿಪ್ಪೆಯ ಗುಡ್ಡೆಗಳು ದಿನಗಟ್ಟಲೆ ಹೊಗೆಯಾಡುವುದನ್ನು ನೋಡಿರುತ್ತಾರೆ. ಆ ಸಿಪ್ಪೆಯ ನಾರನ್ನು ರಾಳದೊಂದಿಗೆ ಸೇರಿಸಿ ಹಲಗೆ ಮಾಡಬಹುದೆಂಬುದು ಗೊತ್ತಿರುವ ವಿಷಯ. ತೊಡಕಿರುವುದು ನಾರು ಮತ್ತು ರಾಳದ ಬೆಸುಗೆಯಲ್ಲಿ. ನಾರಿಗೆ ನೀರಿನ ಮೇಲೆ ಒಲವು, ರಾಳಕ್ಕೆ ನೀರು ಆಗದು. ಕಾಸ್ಟಿಕ್ ಸೋಡಾದಲ್ಲಿ ನೆನೆಸಿದರೆ ಬೆಸುಗೆ ಗಟ್ಟಿಯಾಗುತ್ತದೆ. ಹೆಚ್ಚು ಹೊತ್ತು ನೆನೆಸಿದರೆ ನಾರೇ ಸೊರಗುತ್ತದೆ. ಮುರಿದ ಹಲಗೆಯ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದಾಗ ನಾರುಗಳು ಬುಡಸಮೇತ ಕಿತ್ತು ಬಂದಿವೆಯೇ, ನಡುವೆ ತುಂಡಾಗಿವೆಯೇ ಎಂಬುದರಿಂದ ಬೆಸುಗೆಯ ಗುಣ ತಿಳಿಯುತ್ತದೆ. ಒಂದು ಇಡೀ ಮಳೆಗಾಲದ ತೇವ ಕುಡಿದ ಮೇಲೂ ಆ ಗುಣ ಉಳಿಯುವುದೇ ಎಂದು ತಿಳಿಯಲು ಕನಿಷ್ಠ ಎರಡು ಮಳೆಗಾಲ ಕಾಯಬೇಕು. ಆರು ತಿಂಗಳ ಪ್ರಾಜೆಕ್ಟಿನಲ್ಲಿ ಅದು ಮುಗಿಯದು.

ಈ ತಾಳ್ಮೆಯ ಕೆಲಸಕ್ಕೆ ಕೂರುವವರ ಹೊಟ್ಟೆಪಾಡು ಹೇಗೆ? ಗೇಟ್ ಎಂಬ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ಬರೆದು ಐಐಟಿ, ಎನ್‌ಐಟಿ, ವಿಜ್ಞಾನ ಸಂಸ್ಥೆಗಳಿಗೆ ಸೇರಿದವರಿಗೆ 2023ರಿಂದ ಮೊದಲೆರಡು ವರ್ಷ ತಿಂಗಳಿಗೆ ₹37,000, ಆಮೇಲೆ ₹42,000 ಫೆಲೋಶಿಪ್ ಇದೆ. ಪ್ರಧಾನಮಂತ್ರಿ ಸಂಶೋಧನಾ ಫೆಲೋಶಿಪ್ ಸಿಕ್ಕವರಿಗೆ ಅದು ₹70,000ದಿಂದ ಶುರುವಾಗುತ್ತಿತ್ತು. ಆದರೆ ನಮ್ಮ ಬಹುಪಾಲು ಮಕ್ಕಳು ಸೇರುವುದು ಜಿಲ್ಲೆಗಳ ಸಂಶೋಧನಾ ಕೇಂದ್ರಗಳಿಗೆ. ಯುಜಿಸಿಯ ಎನ್‌ಇಟಿ (ಫೆಲೋಶಿಪ್ ಅರ್ಹತೆಯ) ಪರೀಕ್ಷೆಯ ವಿಷಯಪಟ್ಟಿಯಲ್ಲಿ ಸಿವಿಲ್ಲೂ ಇಲ್ಲ, ಮೆಕ್ಯಾನಿಕಲ್ಲೂ ಇಲ್ಲವಾದ್ದರಿಂದ ಕಲೆ, ವಿಜ್ಞಾನದವರಿಗಿರುವ ಆ ಬಾಗಿಲು ಇವರಿಗೆ ಮುಚ್ಚಿದೆ. ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನಲ್ಲಿ ಪಿಎಚ್‌.ಡಿ. ಯೋಜನೆಯೊಂದನ್ನು ನಡೆಸುತ್ತದೆ. ಅದು ಆ ಸಚಿವಾಲಯದ ವಿಷಯಗಳಿಗೆ ಮಾತ್ರ. ಸಿವಿಲ್ ಎಂಜಿನಿಯರ್ ಆಗಿದ್ದ ಅವರ ಹೆಸರಿನಲ್ಲಿ ಅವರದೇ ವಿದ್ಯೆಗೆ ನಮ್ಮ ರಾಜ್ಯ ಸರ್ಕಾರ ಒಂದು ಫೆಲೋಶಿಪ್ ಇಡಬಾರದೇಕೆ?

ನನ್ನ ಬಳಿ ಎಂ.ಟೆಕ್. ಮಾಡಿದ ಹರಿಹರದ ಕಡೆಯ ಹುಡುಗಿಯೊಬ್ಬಳು ಅಡಿಕೆ ನಾರಿನ ಮೇಲೆಯೇ ಪಿಎಚ್‌.ಡಿ. ನೋಂದಾಯಿಸಿದಳು. ಎಲ್ಲಿ ಎಂದು ಹೇಳುವುದಿಲ್ಲ. ಅಪ್ಪನದು ಎರಡು ಎಕರೆ ತೋಟ. ನಾರನ್ನು ಮನೆಯಲ್ಲೇ ಕೊಳೆಹಾಕಿ ಬಿಡಿಸಿ, ಒಣಗಿಸಿ, ಬುತ್ತಿಯ ಚೀಲದಲ್ಲಿ ಕಟ್ಟಿಕೊಂಡು ತರುತ್ತಿದ್ದಳು. ಒಂಬತ್ತು ತಿಂಗಳು ಸ್ಟೈಪೆಂಡ್ ಬರಲಿಲ್ಲ. ಎಳೆತ ಅಳೆಯುವ ಯಂತ್ರದಲ್ಲಿ ಭಾರವನ್ನು ಗುರುತಿಸುವ ಲೋಡ್‌ಸೆಲ್ ಕೆಟ್ಟು ಕೂತಿತ್ತು, ರಿಪೇರಿಯ ಕಡತ ಒಂದು ಟೇಬಲಿನಿಂದ ಇನ್ನೊಂದು ಟೇಬಲಿಗೆ ಹೋಗುವಷ್ಟರಲ್ಲಿ ಮಳೆಗಾಲ ಕಳೆಯಿತು. ‘ಸರ್, ಅಪ್ಪನ ಹತ್ತಿರ ಬಸ್ ಚಾರ್ಜಿಗೆ ಕೇಳೋಕೆ ನಾಚಿಕೆ ಆಗುತ್ತೆ’ ಎಂದು ಹೇಳಿ ಬಿಟ್ಟುಹೋದಳು. ಈಗ ಬೆಂಗಳೂರಿನ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸದಲ್ಲಿದ್ದಾಳೆ. ಅವಳು ಅಚ್ಚುಕಟ್ಟಾಗಿ ಬರೆದಿಟ್ಟ ಎರಡು ನೋಟ್‌ಬುಕ್ಕುಗಳು ನನ್ನ ಕಪಾಟಿನಲ್ಲಿವೆ. ಅವನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಆದ್ದರಿಂದ ಸರ್ಕಾರಕ್ಕೂ ವಿಶ್ವವಿದ್ಯಾಲಯಗಳಿಗೂ ನನ್ನ ಮೊದಲ ವಿನಂತಿ, ಕೊಡುವ ಹಣ ಎಷ್ಟೇ ಇರಲಿ, ಅದು ತಿಂಗಳು ತಿಂಗಳು ಸರಿಯಾಗಿ ಕೈಸೇರಲಿ. ಸಂಶೋಧನಾ ಸ್ಥಾನಗಳನ್ನು ವಸ್ತು ಇರುವ ಜಾಗದ ಹತ್ತಿರವೇ ಹಂಚಲಿ: ಬೂದಿಯ ಪ್ರಶ್ನೆ ರಾಯಚೂರಿಗೆ, ಸ್ಲ್ಯಾಗಿನದು ಬಳ್ಳಾರಿ ಸೀಮೆಗೆ, ನಾರಿನದು ಶಿವಮೊಗ್ಗ, ದಾವಣಗೆರೆಗಳಿಗೆ. ಬೂದಿಯನ್ನು ಪೂರ್ತಿಯಾಗಿ ಬಳಕೆಗೆ ತರಬೇಕೆಂದು ಕೇಂದ್ರ ಪರಿಸರ ಸಚಿವಾಲಯ 2021ರ ಡಿಸೆಂಬರ್‌ನಲ್ಲಿ ಅಧಿಸೂಚನೆ ಹೊರಡಿಸಿ ದಂಡವನ್ನೂ ಗೊತ್ತುಮಾಡಿರುವಾಗ, ಸ್ಥಾವರಗಳೇ ಒಂದೆರಡು ಸಂಶೋಧಕರ ಖರ್ಚು ಹೊರುವುದು ಅವುಗಳಿಗೂ ಲಾಭದ ಮಾತು. ಸುರತ್ಕಲ್‌ನ ಎನ್‌ಐಟಿ, ಧಾರವಾಡದ ಐಐಟಿಯಂಥ ಕಡೆ ಇರುವ ಬೆಲೆಬಾಳುವ ಯಂತ್ರಗಳಲ್ಲಿ ಜಿಲ್ಲಾ ಕಾಲೇಜುಗಳ ಸಂಶೋಧಕರಿಗೆ ತಿಂಗಳಿಗೆ ಇಂತಿಷ್ಟು ದಿನ ಎಂದು ಮೀಸಲಿಟ್ಟರೆ, ಪ್ರತಿ ಕಾಲೇಜೂ ಅದೇ ಯಂತ್ರ ಕೊಂಡು ಮೂಲೆಗಿಡುವುದು ತಪ್ಪುತ್ತದೆ. ಯುಜಿಸಿಯ 2022ರ ನಿಯಮಾವಳಿ ಅರೆಕಾಲಿಕ ಪಿಎಚ್‌.ಡಿ.ಗೆ ಅವಕಾಶ ಕೊಟ್ಟಿದೆ. ಲೋಕೋಪಯೋಗಿ ಇಲಾಖೆಯ ಕಿರಿಯ ಎಂಜಿನಿಯರುಗಳು, ಪಾಲಿಟೆಕ್ನಿಕ್ ಉಪನ್ಯಾಸಕರು ಇದನ್ನು ಬಳಸಿಕೊಳ್ಳುವಂತಾಗಬೇಕು, ಏಕೆಂದರೆ ಗೋಡೆ ಎಲ್ಲಿ ಬಿರುಕು ಬಿಡುತ್ತದೆಂದು ದಿನವೂ ಕಣ್ಣಾರೆ ನೋಡುವವರು ಅವರು.

ಕೊನೆಯ ವಿನಂತಿ ತಮಗೆ. ಪಿಎಚ್‌.ಡಿ. ಪ್ರವೇಶದ ಪ್ರಕಟಣೆಗಳು ಇಂಗ್ಲಿಷಿನಲ್ಲಿ, ಸಂಸ್ಥೆಯ ಜಾಲತಾಣದ ಒಳಪುಟದಲ್ಲಿ ಬಂದು, ಊರಿನ ಮಕ್ಕಳಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಕೊನೆಯ ದಿನ ದಾಟಿರುತ್ತದೆ. ಯಾವ ಸಂಸ್ಥೆಯಲ್ಲಿ ಯಾವ ವಿಷಯಕ್ಕೆ ಎಷ್ಟು ಸ್ಥಾನ, ಗೈಡ್ ಏನು ಕೆಲಸ ಮಾಡುತ್ತಿದ್ದಾರೆ, ಫೆಲೋಶಿಪ್ ಎಷ್ಟು, ಅರ್ಜಿಗೆ ಕೊನೆಯ ದಿನ ಯಾವುದು ಎಂಬಿಷ್ಟನ್ನು ಶಿಕ್ಷಣ ಪುಟದಲ್ಲಿ ತಿಂಗಳಿಗೊಮ್ಮೆ ಕನ್ನಡದಲ್ಲಿ ಕೊಟ್ಟರೆ ಸಾಕು. ಗೇಟ್ ಪರೀಕ್ಷೆ ಫೆಬ್ರುವರಿಯಲ್ಲಿ ನಡೆದರೂ ಅದರ ಅರ್ಜಿ ಹಿಂದಿನ ವರ್ಷದ ಆಗಸ್ಟ್ ಹೊತ್ತಿಗೇ ಆರಂಭವಾಗುತ್ತದೆ. ಆದ್ದರಿಂದ ಈ ಅಂಕಣವನ್ನು ಜುಲೈನಲ್ಲಿಯೇ ಶುರುಮಾಡಿದರೆ ಅಂತಿಮ ವರ್ಷಕ್ಕೆ ಕಾಲಿಡುವ ಮಕ್ಕಳಿಗೆ ಅನುಕೂಲ. ಮಾಹಿತಿ ಕಲೆಹಾಕಿ ಕನ್ನಡಕ್ಕೆ ತರುವ ಕೆಲಸವನ್ನು ನನ್ನಂಥ ನಿವೃತ್ತ ಅಧ್ಯಾಪಕರು ನಾಲ್ಕೈದು ಮಂದಿ ಸೇರಿ ಮಾಡಿಕೊಡಲು ಸಿದ್ಧರಿದ್ದೇವೆ.

ಇಂತು ತಮ್ಮ ವಿಶ್ವಾಸಿ,
ನಿವೃತ್ತ ಸಿವಿಲ್ ಎಂಜಿನಿಯರಿಂಗ್ ಪ್ರಾಧ್ಯಾಪಕ,
ದಾವಣಗೆರೆ