ಗೆಳತಿಗೊಂದು ಪತ್ರ: ಎಡ ಕಣತಲೆಯ ಸುದ್ದಿ

ಪ್ರಿಯ ಗೆಳತಿ,

ಹೋದ ವಾರ ನನ್ನ ಫೋಟೋ ನೋಡಿ "ತಲೆಗೆ ಯಾಕೆ ಬಟ್ಟೆ?" ಎಂದು ಕೇಳಿದ್ದೆ. ನಾನು ನಗುವ ಮುಖದ ಚಿತ್ರವೊಂದನ್ನು ಕಳಿಸಿ ಸುಮ್ಮನಾದೆ. ಅದು ಉತ್ತರವಲ್ಲವೆಂದು ನಿನಗೂ ಗೊತ್ತು. ಈಗ ಸರಿಯಾಗಿ ಹೇಳುತ್ತೇನೆ, ಅದೂ ಎಲ್ಲರೂ ಓದುವ ಜಾಗದಲ್ಲಿಯೇ. ನಿನಗೊಬ್ಬಳಿಗೇ ಬರೆದರೆ ಓದಿ ಮುಗಿಸುವ ಮೊದಲೇ ಫೋನ್ ಮಾಡುತ್ತೀಯ. ನಾನು ಮಾತು ತಿರುಗಿಸುತ್ತೇನೆ. ಛತ್ರಿಯ ಪ್ರಸಂಗ ಬರುತ್ತದೆ, ಇಬ್ಬರೂ ನಕ್ಕು ಫೋನ್ ಇಡುತ್ತೇವೆ. ಮೂರು ವರ್ಷಗಳಿಂದ ಹೀಗೇ ನಡೆದಿದೆ. ಜೊತೆಗೆ, ನನ್ನಂಥದೇ ಗುಂಗುರು ಕೂದಲಿರುವ ಯಾರಾದರೂ ಇದನ್ನು ಓದಿದರೆ ನಾನು ಮಾಡಿದ್ದನ್ನು ಅವರು ಮಾಡದಿರಲಿ ಎಂಬ ಆಸೆಯೂ ಇದೆ.

ವಿಷಯ ಇಷ್ಟು. ನನ್ನ ಎಡ ಕಣತಲೆಯಲ್ಲಿ ಕೂದಲು ತೆಳುವಾಗಿದೆ. ಹೆಬ್ಬೆರಳಿಟ್ಟರೆ ಮುಚ್ಚಿಹೋಗುವಷ್ಟು ಜಾಗ.

ಗೊತ್ತಾದದ್ದು ಟ್ವಿಸ್ಟ್, ಅಂದರೆ ಎರಡೆರಡು ಎಳೆ ಸೇರಿಸಿ ಹೊಸೆದ ಕೂದಲನ್ನು, ಬಿಚ್ಚುವ ದಿನ. ಈ ಸಲ 212 ಹಾಕಿದ್ದೆ, ಒಂದೊಂದೂ ಬೆಂಕಿಕಡ್ಡಿಯ ದಪ್ಪ. ಎರಡು ಎಳೆಗಳನ್ನು ಹಗ್ಗ ಹೊಸೆದಂತೆ ಒಂದರ ಮೇಲೊಂದು ಸುತ್ತುತ್ತಾ ಹೋಗಿ, ತುದಿಯ ಒಂದಂಗುಲವನ್ನು ಬೆರಳಿಗೆ ಸುತ್ತಿ ಬಿಟ್ಟರೆ ನಮ್ಮ ಕೂದಲು ತನ್ನ ಸುರುಳಿಯಿಂದಲೇ ತನ್ನನ್ನು ಹಿಡಿದುಕೊಳ್ಳುತ್ತದೆ, ರಬ್ಬರ್ ಬ್ಯಾಂಡ್ ಬೇಕಿಲ್ಲ ಎಂದು ತೋರಿಸಿಕೊಟ್ಟವಳು ನೀನು. ಐದು ವಾರ, ಹೆಚ್ಚೆಂದರೆ ಆರು, ಆಮೇಲೆ ಬಿಚ್ಚಲೇಬೇಕು ಎಂದವಳೂ ನೀನೇ. ನಾನು ಏಳು ವಾರ ಇಟ್ಟುಕೊಂಡಿದ್ದೆ. ಬುಡದಲ್ಲಿ ಹೊಸದಾಗಿ ಬೆಳೆದ ಒಂದೂವರೆ ಸೆಂಟಿಮೀಟರ್‌ನಷ್ಟು ಕೂದಲು ಅಕ್ಕಪಕ್ಕದ್ದರ ಜೊತೆ ಹೆಣೆದುಕೊಂಡು ಕಂಬಳಿಯಂತಾಗಿತ್ತು. ಮೊದಲು ನೀರು ಚಿಮುಕಿಸಿ, ಕಂಡೀಷನರ್ ಸವರಿ, ತುದಿಯಿಂದ ಮೇಲಕ್ಕೆ ಬರಿ ಬೆರಳಿನಲ್ಲಿ ಬಿಡಿಸುತ್ತಾ ಬಂದೆ. ಬಾಚಣಿಗೆಯನ್ನು ಕೊನೆಯವರೆಗೂ ಮುಟ್ಟಲಿಲ್ಲ, ಅಷ್ಟರಮಟ್ಟಿಗೆ ನಿನ್ನ ಶಿಷ್ಯೆಯೇ.

ಮೊದಲ ಸಲ ಬಿಚ್ಚಿದಾಗ ಅಂಗೈ ತುಂಬ ಬಂದ ಕೂದಲನ್ನು ಕಂಡು ಅಳುತ್ತಾ ನಿನಗೆ ಫೋನ್ ಮಾಡಿದ್ದು ನೆನಪಿದೆಯೇ? ದಿನಕ್ಕೆ 50ರಿಂದ 100 ಕೂದಲು ಎಲ್ಲರಿಗೂ ಉದುರುತ್ತವೆ, ಬಿಟ್ಟುಕೊಂಡವರಿಗೆ ಬಾಚಣಿಗೆಯಲ್ಲಿ ಬರುತ್ತವೆ, ಹೊಸೆದುಕೊಂಡವರಿಗೆ ಒಳಗೇ ಸಿಕ್ಕಿಕೊಂಡಿರುತ್ತವೆ, ಐದು ವಾರದ ಲೆಕ್ಕ ಹಾಕು ಎಂದಿದ್ದೆ. ಆಮೇಲೆ ಒಂದು ಕೂದಲನ್ನು ಬೆಳಕಿಗೆ ಹಿಡಿದು ಬುಡ ನೋಡು ಎಂದೆ. ಬುಡದಲ್ಲಿ ಸಾಸಿವೆಗಿಂತ ಸಣ್ಣ ಬಿಳಿ ಗುಂಡು ಇದ್ದರೆ ಅದು ಕಾಲ ತೀರಿ ತಾನಾಗಿ ಉದುರಿದ್ದು. ಗುಂಡಿಲ್ಲದಿದ್ದರೆ ನಡುವೆ ತುಂಡಾದದ್ದು. ಅಂದಿನಿಂದ ಪ್ರತಿ ಸಲವೂ ನೋಡುತ್ತೇನೆ. ಈ ಸಲ ಏಳು ವಾರದ ಲೆಕ್ಕಕ್ಕೆ ಎರಡೂವರೆ ಸಾವಿರದಿಂದ ಐದು ಸಾವಿರ ಬರಬೇಕು, ಬಂತು. ಉಂಡೆ ದೊಡ್ಡದಾಗಿದ್ದಕ್ಕೆ ಹೆದರಲಿಲ್ಲ. ಆದರೆ ಎಡಗಡೆಯಿಂದ ಬಂದವುಗಳಲ್ಲಿ ಬೆರಳಿನ ಗೆಣ್ಣಿನುದ್ದದ ಚೂರುಗಳೇ ಹೆಚ್ಚು. ಒಂದಕ್ಕೂ ಬಿಳಿ ಗುಂಡಿರಲಿಲ್ಲ.

ಚರ್ಮದ ವೈದ್ಯರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಹಾಕಿಕೊಂಡ ಮೊದಲ ರಾತ್ರಿ ನೋವಾಗುತ್ತದೆಯೇ ಎಂದು ಕೇಳಿದರು. "ಎರಡು ದಿನ ನೋಯುತ್ತದೆ, ಮಾತ್ರೆ ತೆಗೆದುಕೊಂಡರೆ ಸರಿಹೋಗುತ್ತದೆ" ಎಂದೆ. ಎಲ್ಲರಿಗೂ ಹಾಗೇ ಅಲ್ಲವೇ ಎಂಬ ಧಾಟಿಯಲ್ಲಿ ಹೇಳಿದೆ. ಹಣೆಯಂಚಿನಲ್ಲಿ ಏಳುವ ಸಣ್ಣ ಗುಳ್ಳೆಗಳಿಗೆ ಕ್ರೀಮ್ ಹಚ್ಚುತ್ತಿದ್ದೇನೆ ಎಂದೂ ಹೇಳಿದೆ. ಅವರು ಕನ್ನಡಿ ಕೆಳಗಿಟ್ಟು, ನೋವು, ಗುಳ್ಳೆ, ಕೆಂಪು ಇವು ಮೂರೂ ಬುಡವನ್ನು ಎಳೆಯುತ್ತಿದ್ದೀರಿ ಎಂಬುದರ ಗುರುತುಗಳು ಎಂದರು. ಟ್ರಾಕ್ಷನ್ ಅಲೋಪೀಶಿಯಾ ಎಂದು ಹೆಸರು. ಎಳೆತದಿಂದ ಕೂದಲು ಹೋಗುವುದು. ಇದನ್ನು ವೈದ್ಯಕೀಯ ಬರಹದಲ್ಲಿ ಮೊದಲು ದಾಖಲಿಸಿದ್ದು 1907ರಲ್ಲಿ, ಗ್ರೀನ್‌ಲ್ಯಾಂಡಿನಲ್ಲಿ. ಅಲ್ಲಿನ ಹೆಂಗಸರು ಕೂದಲನ್ನು ಬಿಗಿಯಾಗಿ ಮೇಲಕ್ಕೆಳೆದು ಕಟ್ಟುತ್ತಿದ್ದರು. ಅವರದು ಗುಂಗುರು ಕೂದಲಲ್ಲ. ಇದನ್ನು ಓದಿದಾಗ ನನಗೆ ವಿಚಿತ್ರವಾದ ಸಮಾಧಾನವಾಯಿತು. ಅಂದರೆ ತಪ್ಪು ನನ್ನ ಕೂದಲಿನದಲ್ಲ, ಬಿಗಿಯದು. ಬೇಗ ಸಡಿಲಿಸಿದರೆ ಮತ್ತೆ ಬರುತ್ತದೆ. ವರ್ಷಗಟ್ಟಲೆ ಎಳೆಯುತ್ತಲೇ ಇದ್ದರೆ ಬುಡದಲ್ಲಿ ಗಾಯ ಮಾಗಿ ಕಲೆ ಕಟ್ಟುತ್ತದೆ, ಆಮೇಲೆ ಎಂದಿಗೂ ಬರುವುದಿಲ್ಲ. ನನ್ನದು ಇನ್ನೂ ಆರಂಭದಲ್ಲಿದೆ.

ಇಲ್ಲಿ ನಮ್ಮಿಬ್ಬರ ಹಳೆಯ ವಾದವನ್ನು ತೀರಿಸಿಬಿಡುತ್ತೇನೆ. ಮೂರೆಳೆಯ ಜಡೆಗಳೇ ಮೇಲು, ಹೆಚ್ಚು ದಿನ ಬಾಳುತ್ತವೆ ಎಂದು ನಾನು ಹಟ ಹಿಡಿಯುತ್ತಿದ್ದೆನಲ್ಲ, ಬಾಳುವುದು ನಿಜ. ಟ್ವಿಸ್ಟ್ ಒದ್ದೆಯಾದರೆ ಬೇಗ ಜಾರುತ್ತದೆ, ಜಡೆ ಹಾಗೆ ಜಾರುವುದಿಲ್ಲ. ಆದರೆ ಜಡೆಯ ಮೊದಲ ಮೂರು ಮಡಿಕೆಗಳಲ್ಲಿಯೇ ಕೈ ಬಿಗಿಯಾಗುತ್ತದೆ, ಆ ಬಿಗಿ ಬುಡದಲ್ಲಿ ಉಳಿಯುತ್ತದೆ. ಟ್ವಿಸ್ಟ್ ತನ್ನಷ್ಟಕ್ಕೆ ಕೊಂಚ ಸಡಿಲವಾಗುತ್ತದೆ, ಅದೇ ಅದರ ಗುಣ. ನಾನು ಮಾಡಿದ ಅನ್ಯಾಯವೆಂದರೆ ಟ್ವಿಸ್ಟನ್ನೂ ಜಡೆಯಷ್ಟೇ ಬಿಗಿದದ್ದು. ಬೈತಲೆ ಗೆರೆ ಎಳೆದಂತೆ ಕಾಣಬೇಕು, ಹಣೆಯಂಚಿನ ಎಳೆಗೂದಲೂ ಒಳಗೆ ಸೇರಬೇಕು, ಒಂದೂ ಹೊರಗೆ ಚಾಚಬಾರದು. ಹಣೆಯಂಚಿನ ಕೂದಲು ಎಷ್ಟು ನವಿರು ಎಂದರೆ ಅದಕ್ಕೆ ಒಂದು ಟ್ವಿಸ್ಟಿನ ಭಾರವೂ ಹೆಚ್ಚು. ಇನ್ನು ಮುಂದೆ ಅದನ್ನು ಹೊರಗೇ ಬಿಡುತ್ತೇನೆ. ತೊಳೆಯುವ ವಿಷಯದಲ್ಲಿ ನೀನು ಹೇಳಿದ್ದೆಲ್ಲ ಸರಿ: ಎಂಟು ಪಾಲು ಮಾಡಿ ಕಟ್ಟಿಕೊಂಡು, ಶಾಂಪೂವನ್ನು ನೀರಿಗೆ ಬೆರೆಸಿ ಮೂತಿಯಿರುವ ಬಾಟಲಿಯಿಂದ ನೆತ್ತಿಗೆ ಮಾತ್ರ ಬಿಟ್ಟು, ಉಜ್ಜದೆ ಒತ್ತಿ ತೆಗೆಯುವುದು. ಒಳಗಿನ ತನಕ ಒಣಗುವ ಮೊದಲು ಮಲಗಬಾರದು ಎಂಬುದೂ ಸರಿ. ಒಮ್ಮೆ ಒದ್ದೆಯಲ್ಲೇ ಮಲಗಿ ಮೂರು ದಿನ ಮುಗ್ಗಲು ವಾಸನೆ ಹೊತ್ತು ಓಡಾಡಿದ ಮೇಲೆ ಅದನ್ನು ಪಾಲಿಸುತ್ತಿದ್ದೇನೆ.

ಇಷ್ಟೇ ಬರೆದು ನಿಲ್ಲಿಸಬೇಕೆಂದಿದ್ದೆ.

ಆದರೆ ವೈದ್ಯರು ಕೊನೆಗೆ ಹೇಳಿದ ಮಾತು ಎದೆಯಲ್ಲಿ ಕುಳಿತುಬಿಟ್ಟಿದೆ. ಎಂಟು ವಾರ ಹೊಸೆಯಬೇಡಿ, ಹೆಣೆಯಬೇಡಿ, ಸುಮ್ಮನೆ ಬಿಟ್ಟುಕೊಂಡಿರಿ ಎಂದರು. ಅಷ್ಟಕ್ಕೇ ನನ್ನ ಕೈ ತಣ್ಣಗಾಯಿತು. ದೊಡ್ಡ ಕಾಯಿಲೆ ಹೇಳಿದ್ದರೂ ಅಷ್ಟು ಹೆದರುತ್ತಿರಲಿಲ್ಲವೇನೋ. ಮನೆಗೆ ಬರುವ ದಾರಿಯಲ್ಲಿ ಲೆಕ್ಕ ಹಾಕಿದೆ. ಮೂರು ವರ್ಷಗಳಲ್ಲಿ ನನ್ನ ಕೂದಲು ಒಂದು ರಾತ್ರಿಗಿಂತ ಹೆಚ್ಚು ಹೊತ್ತು ಬಿಚ್ಚಿಕೊಂಡು ಇದ್ದದ್ದೇ ಇಲ್ಲ. ಶನಿವಾರ ಬಿಚ್ಚಿ ತೊಳೆಯುವುದು, ಭಾನುವಾರ ಬೆಳಿಗ್ಗೆ ಕುಳಿತರೆ ಒಂಬತ್ತು ಗಂಟೆ ಹೊಸೆಯುವುದು, ಸೋಮವಾರ ಏನೂ ಆಗದವಳಂತೆ ಕಚೇರಿಗೆ ಹೋಗುವುದು. ಟ್ವಿಸ್ಟ್ ಹಾಕಿಕೊಂಡರೆ ತುದಿಗಳು ಸವೆಯುವುದಿಲ್ಲ, ದಿನವೂ ಬಾಚುವ ಕಾಟವಿಲ್ಲ, ಬೆಳೆದ ಉದ್ದ ಉಳಿಯುತ್ತದೆ, ಕೂದಲಿಗೆ ರಕ್ಷಣೆ ಎಂದು ಕೇಳಿದವರಿಗೆಲ್ಲ ಹೇಳಿದ್ದೇನೆ. ಅದೆಲ್ಲ ನಿಜವೇ. ಆದರೆ ನಾನು ರಕ್ಷಿಸಿಕೊಳ್ಳುತ್ತಿದ್ದದ್ದು ನನ್ನ ಕಣ್ಣುಗಳನ್ನು. ನನ್ನ ಕೂದಲು ತನ್ನಷ್ಟಕ್ಕೆ ಹೇಗಿರುತ್ತದೆ ಎಂದು ನೋಡಲು ನನಗೆ ಮನಸ್ಸಿರಲಿಲ್ಲ.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ಮೊದಲ ಬಾರಿ ನೇರ ಮಾಡಿಸಿಕೊಂಡೆ. ಸೋಡಿಯಂ ಹೈಡ್ರಾಕ್ಸೈಡ್ ಇರುವ ಕ್ರೀಮು, ಕೂದಲಿನೊಳಗಿನ ಗಂಧಕದ ಬೆಸುಗೆಗಳನ್ನು ಒಡೆದು ಸುರುಳಿಯನ್ನು ಚಪ್ಪಟೆ ಮಾಡುತ್ತದೆ. ನೆತ್ತಿ ಉರಿಯುತ್ತಿದೆ ಎಂದರೆ ಇನ್ನೈದು ನಿಮಿಷ ತಡೆದುಕೊಳ್ಳಿ ಎಂದರು, ತಡೆದುಕೊಂಡೆ. ಆಮೇಲೆ ಆರು ವರ್ಷ ತಡೆದುಕೊಂಡೆ. ಬುಡದಿಂದ ಬರುವ ಹೊಸ ಕೂದಲು ಪ್ರತಿ ಸಲವೂ ಸುರುಳಿಯಾಗಿಯೇ ಬರುತ್ತಿತ್ತು, ನಾನು ಪ್ರತಿ ಸಲವೂ ಅದನ್ನು ತಿದ್ದಲು ಹೋಗುತ್ತಿದ್ದೆ. ಕೊನೆಗೆ ಅದನ್ನೆಲ್ಲ ಕತ್ತರಿಸಿ ಹಾಕಿ, ನಿನ್ನ ಮುಂದೆ ಬೆನ್ನು ಮಾಡಿ ಕುಳಿತು ಟ್ವಿಸ್ಟ್ ಹಾಕಿಸಿಕೊಂಡ ರಾತ್ರಿ ನಾನು ಗೆದ್ದೆ ಎಂದುಕೊಂಡಿದ್ದೆ. ಈಗ ಅನ್ನಿಸುತ್ತಿದೆ, ಅಂದು ಕ್ರೀಮು ಹೋಗಿ ಟ್ವಿಸ್ಟ್ ಬಂತು. ಮುಚ್ಚಿಡುವ ಕೆಲಸ ನಿಲ್ಲಲಿಲ್ಲ.

ಈ ದಿನಗಳಲ್ಲಿ ಎರಡು ಸಂಗತಿಗಳನ್ನು ಓದಿದೆ. 1786ರಲ್ಲಿ, ಈಗ ಅಮೆರಿಕಕ್ಕೆ ಸೇರಿರುವ, ಆಗ ಸ್ಪೇನಿನ ಆಡಳಿತದಲ್ಲಿದ್ದ ಲೂಯಿಸಿಯಾನದ ಗವರ್ನರ್ ಎಸ್ತೆಬಾನ್ ಮೀರೊ, ಆಫ್ರಿಕಾ ಮೂಲದ ಸ್ವತಂತ್ರ ಹೆಂಗಸರು ತಲೆಗೆ ಬಟ್ಟೆ ಕಟ್ಟಿಕೊಳ್ಳಬೇಕೆಂದು ಆಜ್ಞೆ ಹೊರಡಿಸಿದ. ಅವರ ಕೂದಲಿನ ಅಲಂಕಾರ ಕಣ್ಣಿಗೆ ಬೀಳಬಾರದೆಂಬ ಆಜ್ಞೆ. ಅವರು ಬಣ್ಣ ಬಣ್ಣದ ಬಟ್ಟೆಗಳನ್ನು ಎಷ್ಟು ಚೆಂದವಾಗಿ ಕಟ್ಟಿಕೊಂಡರೆಂದರೆ ಆ ಬಟ್ಟೆಯೇ ಅಲಂಕಾರವಾಯಿತು. ಇನ್ನೊಂದು ನಮ್ಮ ಕಾಲದ್ದು. 2019ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಕೂದಲಿನ ಕಾರಣಕ್ಕೆ ಶಾಲೆಯಲ್ಲಿ, ಕೆಲಸದಲ್ಲಿ ಭೇದ ಮಾಡಬಾರದೆಂಬ ಕಾನೂನು ತಂದಿತು. ಕ್ರೌನ್ ಕಾಯ್ದೆ ಎನ್ನುತ್ತಾರೆ. ಅದರ ಪಠ್ಯದಲ್ಲಿ ಜಡೆ, ಲಾಕ್ಸ್ (ಜಟೆಯಂತೆ ಗಂಟುಕಟ್ಟಿದ ಕೂದಲು), ಟ್ವಿಸ್ಟ್ ಎಂದು ಹೆಸರು ಹಿಡಿದು ಬರೆದಿದೆ. ಟ್ವಿಸ್ಟ್ ಎಂಬ ಪದವನ್ನು ಕಾನೂನಿನ ಪುಟದಲ್ಲಿ ಕಂಡಾಗ ನನಗೆ ಗಂಟಲು ಕಟ್ಟಿತು. ಆ ಹೆಂಗಸರ ನೋವನ್ನು ನನ್ನದೆಂದು ಹೇಳಿಕೊಳ್ಳುವ ಹಕ್ಕು ನನಗಿಲ್ಲ. ಅವರಿಂದ ಬಂದ ವಿದ್ಯೆಯನ್ನು ತಲೆಯ ಮೇಲೆ ಹೊತ್ತುಕೊಂಡಿದ್ದೇನೆ, ಅಷ್ಟೇ ನಂಟು. ಆದರೂ ಅವರ ಮೇಲೆ ಆಜ್ಞೆ ಹೊರಡಿಸಿದವನೊಬ್ಬನಿದ್ದ. ನನ್ನ ತಲೆಗೆ ಬಟ್ಟೆ ಕಟ್ಟು ಎಂದು ಯಾರೂ ಹೇಳಿರಲಿಲ್ಲ.

ಇನ್ನೊಂದನ್ನು ಬರೆಯುತ್ತೇನೆ. ಇದನ್ನು ಬರೆಯುವ ಯೋಚನೆ ಇರಲಿಲ್ಲ.

ನೀನು ಊರು ಬಿಟ್ಟು ಹೊರಟ ಭಾನುವಾರ ನಾನು ನಿಲ್ದಾಣಕ್ಕೆ ಬರಲಿಲ್ಲ. ಜ್ವರ ಎಂದೆ. ಜ್ವರವಿರಲಿಲ್ಲ. ನಿನ್ನ ರೈಲು ರಾತ್ರಿಯದೆಂದುಕೊಂಡು ಬೆಳಿಗ್ಗೆ ಹೊಸೆಯಲು ಕುಳಿತಿದ್ದೆ. ಮಧ್ಯಾಹ್ನವೇ ಹೊರಡುತ್ತದೆಂದು ನೀನು ಫೋನ್ ಮಾಡಿದಾಗ ನನ್ನ ತಲೆಯ ಬಲಭಾಗವಷ್ಟೇ ಮುಗಿದಿತ್ತು. ಎಡಭಾಗ ಪೂರ್ತಿ ಬಿಚ್ಚಿಕೊಂಡಿತ್ತು. ಆಟೋದಲ್ಲಿ ಬಂದಿದ್ದರೆ ಸಿಗುತ್ತಿದ್ದೆ. ಕನ್ನಡಿಯ ಮುಂದೆ ನಿಂತು ಹೊರಡಲೋ ಬೇಡವೋ ಎಂದು ನೋಡಿದೆ, ಆಮೇಲೆ ಮತ್ತೆ ಕುಳಿತು ಹೊಸೆಯತೊಡಗಿದೆ. ನಿನ್ನ ರೈಲು ಹೊರಡುವ ಹೊತ್ತಿಗೆ ಕಿವಿಯ ಹಿಂದಿನ ಸಾಲಿನಲ್ಲಿದ್ದೆ. ತಲುಪಿದ ಮೇಲೆ ನೀನು ಮೂರು ಸಲ ಜ್ವರ ವಿಚಾರಿಸಿದೆ, ಮೂರೂ ಸಲ ಕಡಿಮೆಯಾಗಿದೆ ಎಂದೆ. ನನ್ನ ಕೂದಲನ್ನು ನನಗಿಂತ ಹೆಚ್ಚು ಮುಟ್ಟಿದ ಕೈ ನಿನ್ನದು. ನಿನ್ನೆದುರಿಗೆ ಬರಲೂ ನನಗಾಗಲಿಲ್ಲ. ಕ್ಷಮಿಸು.

ಸ್ವಲ್ಪ ಹೊತ್ತು ಎದ್ದು ಹೋಗಿ ಬಂದೆ. ಮುಂದುವರಿಸುತ್ತೇನೆ.

ಈಗ ಬಿಟ್ಟುಕೊಂಡು ಹನ್ನೊಂದು ದಿನವಾಯಿತು. ಮೊದಲ ನಾಲ್ಕು ದಿನ ಬಟ್ಟೆ ಕಟ್ಟಿಕೊಂಡಿದ್ದೆ, ನೀನು ನೋಡಿದ ಫೋಟೋ ಆಗಿನದು. ಐದನೆಯ ದಿನ ಕಿಟಕಿಯ ಬಳಿ ಕುಳಿತು ಒಂದೇ ಒಂದು ಎಳೆಯನ್ನು ಹಿಡಿದೆಳೆದೆ. ಭುಜದ ಮೂಳೆಯವರೆಗೆ ಬಂತು. ಬಿಟ್ಟೆ, ಕಿವಿಯ ಹಾಲೆಯ ಹತ್ತಿರಕ್ಕೆ ಹೋಗಿ ಕುಳಿತುಕೊಂಡಿತು. ಬಾಲ್ ಪೆನ್ನಿನೊಳಗಿನ ಸ್ಪ್ರಿಂಗಿನಷ್ಟೇ ದಪ್ಪದ ಸುರುಳಿಗಳು, ಒಂದರ ಮೇಲೊಂದು, ಎಣಿಸಲು ಹೋಗಿ ನಲವತ್ತಕ್ಕೆ ಬಿಟ್ಟೆ. ನೆತ್ತಿಯ ಎಣ್ಣೆ ತುದಿಯನ್ನು ಮುಟ್ಟುವುದಿಲ್ಲ, ಅದಕ್ಕೇ ಒಣಗುತ್ತದೆ ಎಂದು ನೀನು ಹೇಳುತ್ತಿದ್ದೆಯಲ್ಲ, ಅಷ್ಟು ತಿರುವುಗಳನ್ನು ಎಣ್ಣೆಯಾದರೂ ಹೇಗೆ ಇಳಿದೀತು? ಬಿಸಿಲು ಬಿದ್ದಾಗ ಪ್ರತಿ ತಿರುವಿನಲ್ಲಿಯೂ ಒಂದೊಂದು ಸಣ್ಣ ಹೊಳಪು ಬೇರೆ ಬೇರೆಯಾಗಿ ಕಾಣುತ್ತದೆ. ನೇರ ಮಾಡಿಸಿದ್ದಾಗ ಹೊಳಪು ಒಂದೇ ಪಟ್ಟಿಯಂತಿರುತ್ತಿತ್ತು. ನನಗೆ ಈಗಿನದೇ ಇಷ್ಟವಾಯಿತು. ಇದನ್ನು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು.

ಇನ್ನು ಹಗುರವಾದ ಸುದ್ದಿ. ರಾತ್ರಿ ಮಲಗುವಾಗ ಹಾಕುತ್ತಿದ್ದ ಸ್ಯಾಟಿನ್ ಟೋಪಿ ಈಗ ಹಿಡಿಸುವುದಿಲ್ಲ, ಬಿಚ್ಚಿದ ಕೂದಲಿಗೆ ಅದು ಸಾಲದು, ದಿಂಬಿಗೇ ಸ್ಯಾಟಿನ್ ಹೊದಿಕೆ ಹಾಕಿದ್ದೇನೆ. ತಲೆ ರಾತ್ರಿಯೆಲ್ಲ ಜಾರುತ್ತದೆ, ಬೆಳಿಗ್ಗೆ ಏಳುವಾಗ ದಿಂಬು ಎಲ್ಲೋ, ನಾನು ಎಲ್ಲೋ. ಕಚೇರಿಯ ಲಿಫ್ಟಿನಲ್ಲಿ ಒಬ್ಬ ಪುಟ್ಟ ಹುಡುಗಿ ತನ್ನ ತಾಯಿಯ ಹಿಂದಿನಿಂದ ಇಣುಕಿ ನನ್ನ ತಲೆಯನ್ನು ಮೂರು ಮಹಡಿಗಳವರೆಗೆ ನೋಡಿದಳು. ಅವಳದೂ ಗುಂಗುರು, ಎರಡು ಬಿಗಿ ಜಡೆ. ನಾನು ಕೈ ಬೀಸಿದೆ. ಅವಳು ತನ್ನ ಜಡೆಯ ತುದಿಯನ್ನು ಹಿಡಿದು ನನ್ನತ್ತ ಬೀಸಿದಳು.

ಎಡ ಕಣತಲೆಯಲ್ಲಿ ಹೊಸ ಕೂದಲು ಕಾಣಿಸುತ್ತಿದೆಯೆಂದು ನನಗೆ ಅನ್ನಿಸುತ್ತಿದೆ. ಇಷ್ಟು ಬೇಗ ಬರುವುದಿಲ್ಲ, ನಿನಗೆ ಆಸೆ ಹೆಚ್ಚು ಎಂದು ನೀನು ಹೇಳುತ್ತೀಯ. ಬಂದು ನೋಡಿ ಹೇಳು. ಮುಂದಿನ ತಿಂಗಳು ಬರುತ್ತೇನೆ ಎಂದಿದ್ದೆಯಲ್ಲ, ನಿಲ್ದಾಣಕ್ಕೆ ಬರುತ್ತೇನೆ. ಕೂದಲು ಬಿಚ್ಚಿಯೇ ಇರುತ್ತದೆ, ಜನರ ನಡುವೆ ದೂರದಿಂದಲೇ ಗುರುತು ಸಿಗುತ್ತದೆ. ಬಾಲದಂಥ ಹಿಡಿಯಿರುವ ನಿನ್ನ ಬಾಚಣಿಗೆ ನನ್ನ ಹತ್ತಿರವೇ ಇದೆ, ತರುತ್ತೇನೆ. ಛತ್ರಿಯನ್ನು ಮಾತ್ರ ಕೇಳಬೇಡ.

ನಿನ್ನ,
ಒಂಬತ್ತು ಗಂಟೆಯವಳು