ಆ ಫೋನ್ ಕೆಟ್ಟಿದ್ದು ನಿನ್ನಿಂದಲ್ಲ

ಪುಟ್ಟವ್ವಾ,

ನಿನ್ನ ಕ್ವಾರ್ಟರ್ಸ್‌ನಲ್ಲಿ ನೆಟ್‌ವರ್ಕ್ ಇಲ್ಲ ಅಂದೆಯಲ್ಲ, ಅದಕ್ಕೇ ಕಾಗದ. ಇದ್ದಿದ್ದರೂ ಇದನ್ನು ಫೋನಿನಲ್ಲಿ ಹೇಳೋಕೆ ನನ್ನಿಂದ ಆಗುತ್ತಿರಲಿಲ್ಲ.

ಭಾನುವಾರ ನಮ್ಮ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಗಿರಾಕಿಗಳ ಎದುರಿಗೇ ನಿನಗೆ 'ಷೋಕಿ' ಅಂದುಬಿಟ್ಟೆ. ತಪ್ಪಾಯ್ತು. ನಿನ್ನ ಮೊದಲ ಸಂಬಳ, ನಿನ್ನ ಇಷ್ಟದ ಫೋನ್. ನಡುವೆ ಬಾಯಿ ಹಾಕೋಕೆ ನಾನು ಯಾರು? ಬೆಳಗ್ಗೆ ಬಸ್ ಹತ್ತುವಾಗ ನೀನು ನಿಮ್ಮವ್ವನಿಗೆ ಮಾತ್ರ ಹೇಳಿ ಹೋದೆ. ನನಗೆ ಅಂಗಡಿ ಬಾಗಿಲು ತೆಗೆಯೋ ಮನಸ್ಸಾಗಲಿಲ್ಲ.

ಆದರೂ ಬಾಗಿದ ಅಂಚಿನ ಆ ಡಿಸ್ಪ್ಲೇ ನೋಡಿದಾಗ ನನಗೆ ಯಾಕೆ ಅಷ್ಟು ಸಿಟ್ಟು ಬಂತು ಅನ್ನೋದು ನಿನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ.

2019ರ ಆಗಸ್ಟ್. ವರದಾ ನದಿ ತುಂಬಿ ಹರಿದ ವಾರ. ನೀನು ಶಿರಸಿಯಿಂದ ಹೊರಟ ಬಸ್ ಹಾವೇರಿಗೆ ಬರಲೇ ಇಲ್ಲ. ರಾತ್ರಿ ಎಂಟರಿಂದ ನಿನ್ನ ಫೋನ್ ಸ್ವಿಚ್ ಆಫ್. ಉಳಿದದ್ದು ನಿನಗೂ ನೆನಪಿದೆ, ಬರೆಯೋದಿಲ್ಲ. ಮರುದಿನ ಒಂಬತ್ತಕ್ಕೆ ಯಾರದೋ ಫೋನಿಂದ 'ಅಪ್ಪಾ, ಶಾಲೆಯಲ್ಲಿ ಮಲಗಿದ್ವಿ' ಅಂದೆ. ಮನೆಗೆ ಬಂದ ಮೇಲೆ ನಾನು ಮೊದಲು ಕೇಳಿದ್ದು ಏನು? 'ಫೋನ್ ನೀರಿಗೆ ಯಾಕೆ ಹಾಕಿದೆ?' ನೀನು ಅತ್ತೆ. 'ಬ್ಯಾಗಿನಲ್ಲೇ ಇತ್ತಪ್ಪಾ, ಸ್ವಲ್ಪ ತೋಯ್ದಿತ್ತು ಅಷ್ಟೇ' ಅಂದೆ. ನಾನು ನಂಬದವನ ಹಾಗೆ ನಟಿಸಿದೆ.

ಆ ಫೋನು ಸೆಕೆಂಡ್ ಹ್ಯಾಂಡ್. ನೋಡೋಕೆ ಚೆಂದ ಇತ್ತು, ಹಿಂದೆ ಗಾಜು, ಮೂರು ಕ್ಯಾಮೆರಾ. ಒಡೆದ ಡಿಸ್ಪ್ಲೇ ಬದಲಾಯಿಸಿ ನಿನಗೆ ಕೊಟ್ಟವನು ನಾನೇ. ನೀರು ಒಳಗೆ ಹೋಗದ ಹಾಗೆ ಡಿಸ್ಪ್ಲೇ ಸುತ್ತ ಕಂಪನಿಯವರು ಒಂದು ಗಮ್ ಪಟ್ಟಿ ಹಾಕಿರುತ್ತಾರೆ. ಒಮ್ಮೆ ಬಿಚ್ಚಿದರೆ ಅದರ ಕಥೆ ಮುಗೀತು, ಹೊಸದೇ ಹಾಕಬೇಕು. ಹುಬ್ಬಳ್ಳಿಯಿಂದ ಬರೋಕೆ ಎರಡು ದಿನ ಬೇಕಿತ್ತು. ನೀನು ಮರುದಿನವೇ ಕಾಲೇಜಿಗೆ ಹೊರಡುವವಳು. ಬಿ-7000 ಗಮ್ ಎಳೆದು, ರಬ್ಬರ್ ಬ್ಯಾಂಡ್ ಸುತ್ತಿ, ಒಂದು ತಾಸು ಇಟ್ಟು ಕೊಟ್ಟುಬಿಟ್ಟೆ. 'ವಾಟರ್‌ಪ್ರೂಫ್ ಇದು, ಹೆದರಬೇಡ' ಅಂದೆ. ನೆನಪಿದೆಯಾ? ಹೆಮ್ಮೆಯಿಂದ ಅಂದಿದ್ದೆ.

ನೀನು ಮಲಗಿದ ಮೇಲೆ ಅದನ್ನು ಬಿಚ್ಚಿದೆ. ಚಾರ್ಜಿಂಗ್ ಪಿನ್ ಪಕ್ಕದ ಮೂಲೆಯಲ್ಲಿ ಗಮ್ಮೇ ತಾಗಿರಲಿಲ್ಲ. ಒಂದು ಉಗುರಿನಷ್ಟು ಜಾಗ. ನೀರು ಅಲ್ಲಿಂದಲೇ ಹೋಗಿತ್ತು. ಬೋರ್ಡಿನ ಕನೆಕ್ಟರ್ ಮೇಲೆ ಹಸಿರು ಹಿಡಿಯೋಕೆ ಶುರುವಾಗಿತ್ತು. ಬ್ರಷ್ ಹಿಡಿದು ಸುಮ್ನೆ ಕೂತಿದ್ದೆ. ಬೆಳಗ್ಗೆ ನಿನಗೆ ಹೇಳಬೇಕಿತ್ತು. ಹೇಳಲಿಲ್ಲ. ಆಮೇಲೆ ನೀನು ಎಲ್ಲರ ಎದುರಿಗೂ 'ನಾನೇ ಹಾಳು ಮಾಡಿಕೊಂಡೆ' ಅಂತ ನಗುತ್ತಾ ಹೇಳುತ್ತಿದ್ದೆ. ನಾನೂ ನಗುತ್ತಿದ್ದೆ.

ಈಗ ನೀನು ಅರಣ್ಯ ಇಲಾಖೆ ಕೆಲಸಕ್ಕೆ ಜೋಯಿಡಾದ ಕಾಡಿನಲ್ಲಿ. ಹಾವೇರಿಯ ಮಳೆ ಅಲ್ಲಿ ಮಳೆಯೇ ಅಲ್ಲ. ಗಸ್ತಿಗೆ ಹೋದಾಗ ನಡೆದ ದಾರಿ ದಾಖಲಿಸೋ ಎಂ-ಸ್ಟ್ರೈಪ್ಸ್ ಆ್ಯಪ್ ಓಡುತ್ತಲೇ ಇರಬೇಕು ಅಂದಿದ್ದೆಯಲ್ಲ. ಜಿಪಿಎಸ್‌ಗೆ ನೆಟ್‌ವರ್ಕ್ ಬೇಡ, ಆದರೆ ಬ್ಯಾಟರಿ ತಿನ್ನುತ್ತದೆ. 5000 ಎಂಎಎಚ್‌ಗಿಂತ ಕಡಿಮೆ ಇರೋದು ಮುಟ್ಟಬೇಡ. 200 ಮೆಗಾಪಿಕ್ಸೆಲ್ ನೋಡಿ ಮರುಳಾಗಬೇಡ. ಸೆಟ್ಟಿಂಗ್ ಮುಟ್ಟದೆ ತೆಗೆದರೆ ಹದಿನಾರು ಪಿಕ್ಸೆಲ್ ಸೇರಿಸಿ ಒಂದು ಮಾಡುತ್ತದೆ, ಕೈಗೆ ಬರೋದು ಹನ್ನೆರಡೂವರೆ ಮೆಗಾಪಿಕ್ಸೆಲ್ ಫೋಟೋ. '8+8 ಜಿಬಿ ರ‍್ಯಾಮ್' ಅಂತ ಡಬ್ಬದ ಮೇಲೆ ಇದ್ದರೆ ಎರಡನೇ ಎಂಟು ಸ್ಟೋರೇಜಿನಿಂದ ಕಡ ತಂದದ್ದು. ಎರಡು ಮೆಗಾಪಿಕ್ಸೆಲ್ ಮ್ಯಾಕ್ರೋ ಕ್ಯಾಮೆರಾ ಬರೀ ದೃಷ್ಟಿಬೊಟ್ಟು.

ಡಿಸ್ಪ್ಲೇ ಸಪಾಟಾಗಿರಲಿ. ಬಾಗಿದ್ದಕ್ಕೆ ಟೆಂಪರ್ಡ್ ಗ್ಲಾಸ್ ಸರಿಯಾಗಿ ಕೂರಲ್ಲ. ಬಿದ್ದರೆ ಅಂಚಿಗೇ ಪೆಟ್ಟು, ಕಾಂಬೋ, ಅಂದರೆ ಗಾಜು-ಡಿಸ್ಪ್ಲೇ ಸೇರಿದ ಸೆಟ್ಟಿನ ಬೆಲೆ ಕೇಳಿದರೆ ಗಿರಾಕಿ ಕುರ್ಚಿ ಹುಡುಕುತ್ತಾನೆ. ಬೆನ್ನು ಪ್ಲಾಸ್ಟಿಕ್ ಇದ್ದರೆ ಅವಮಾನ ಏನಿಲ್ಲ. ಬೆರಳಚ್ಚು ಪಕ್ಕದ ಬಟನ್‌ನಲ್ಲಿದ್ದರೆ ಒಳ್ಳೇದು. ಒದ್ದೆ ಬೆರಳನ್ನು ಗಾಜಿನ ಕೆಳಗಿನ ಸೆನ್ಸರ್ ಎಷ್ಟೋ ಸಲ ಗುರುತಿಸೋದೇ ಇಲ್ಲ. ಐಪಿ68 ಅಂದರೆ 6 ಧೂಳಿಗೆ, 8 ನೀರಿಗೆ. ಕಂಪನಿ ಹೇಳಿದ ಆಳ, ಹೇಳಿದಷ್ಟು ಹೊತ್ತು, ಅದೂ ಸಿಹಿನೀರಿನಲ್ಲಿ. ಕಾಳಿ ನದಿಗೆ ಬೀಳಿಸಿ ಪರೀಕ್ಷೆ ಮಾಡು ಅಂತಲ್ಲ. ಒಮ್ಮೆ ಯಾರಾದರೂ ಬಿಚ್ಚಿದರೆ ಆ ನಂಬರನ್ನು ಮರೆತುಬಿಡು. ಬಿಚ್ಚಿದವನು ನಿಮ್ಮಪ್ಪನಾದರೂ ಅಷ್ಟೇ.

ನೋಡು, ಪಾಠ ಶುರುವಾಯ್ತು. ನಿಮ್ಮವ್ವ ಪಕ್ಕದಲ್ಲಿ ಕೂತು 'ಅವಳು ಅಧಿಕಾರಿ ಆಗ್ಯಾಳ, ನಿಮ್ಮ ಗಿರಾಕಿ ಅಲ್ಲ' ಅಂತಿದ್ದಾಳೆ. ನಿಜ. ನಿನ್ನನ್ನು ಖಾಕಿಯಲ್ಲಿ ನೋಡಿದ ದಿನ ಪಕ್ಕದಂಗಡಿಯವರಿಗೆಲ್ಲ ನಾನೇ ಚಹಾ ಕೊಡಿಸಿದೆ, ನಿನಗೆ ಹೇಳಿರಲಿಲ್ಲ.

ಇನ್ನೊಂದೇ ಮಾತು. ತೋಯ್ದರೆ ಮೊದಲು ಆಫ್ ಮಾಡು, ಚಾರ್ಜಿಗೆ ಹಾಕಬೇಡ. ಅಕ್ಕಿ ಡಬ್ಬದಲ್ಲಿ ಹೂಳಬೇಡ. ಅಕ್ಕಿ ಬೋರ್ಡಿನ ನೀರು ಎಳೆಯಲ್ಲ, ಪಿನ್ನಿನೊಳಗೆ ಹಿಟ್ಟು ತುಂಬುತ್ತೆ ಅಷ್ಟೇ.

ಬುತ್ತಿಯಲ್ಲಿ ಶೇಂಗಾ ಚಟ್ನಿ ಕೆಳಗೆ ಒಂದು ನೋಕಿಯಾ 1100 ಇದೆ, ನೋಡಿದೆಯೋ ಇಲ್ಲವೋ. 2003ರಲ್ಲಿ ಬಂದ ಮಾಡೆಲ್, ಜಗತ್ತಿನಲ್ಲಿ 25 ಕೋಟಿ ಮಾರಾಟವಾದದ್ದು. ಟಾರ್ಚ್ ಇದೆ. ಹೊಸ ಬ್ಯಾಟರಿ ಹಾಕಿದ್ದೇನೆ. ಗಮ್ ಎಲ್ಲೂ ಹಚ್ಚಿಲ್ಲ, ಅದಕ್ಕೆ ಬೇಕಾಗಿಯೂ ಇಲ್ಲ. ನಗಬೇಡ, ಬ್ಯಾಗಿನ ತಳದಲ್ಲಿ ಬಿದ್ದಿರಲಿ.

ಆ ಬಾಗಿದ ಫೋನೇ ಬೇಕು ಅಂದರೆ ತಗೋ, ನಾನು ಇನ್ನು ಏನೂ ಅನ್ನಲ್ಲ. ನೆಟ್‌ವರ್ಕ್ ಸಿಗೋ ಗುಡ್ಡ ಹತ್ತಿದಾಗ ನಿಮ್ಮವ್ವನಿಗೆ ಫೋನ್ ಮಾಡು. ನನಗೆ ಬಯ್ಯೋದಿದ್ದರೆ ಕಾಗದ ಬರಿ, ಇಟ್ಟುಕೊಳ್ತೀನಿ.

ನಿನ್ನ
ಅಪ್ಪ